ಪ್ರಕರಣ ದಾಯಾದಿ ಪ್ರೇರಿತ

ಜೀವ ವಿಮೆಯ ಪ್ರಸ್ತಾವನಾ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ನಮ್ಮಲ್ಲಿ ಇಬ್ಬರೇ ಇರಬೇಕು. ಒಬ್ಬರು ಅದನ್ನು ಬರೆದ ವಕೀಲರು. ಇನ್ನೊಬ್ಬರು, ಪಾಲಿಸಿದಾರ ಸತ್ತ ಮೇಲೆ ಹಣ ಕೊಡದಿರಲು ಕಾರಣ ಹುಡುಕುವ ಅಧಿಕಾರಿ. ಉಳಿದವರೆಲ್ಲ ಏಜೆಂಟರು ಪೆನ್ಸಿಲಿನಲ್ಲಿ ಗೀಟು ಹಾಕಿದ ಕಡೆಯೆಲ್ಲ ಸಹಿ ಮಾಡಿ, ಒಂದು ಲೋಟ ಕಾಫಿ ಕೊಟ್ಟು ಅವರನ್ನು ಬೀಳ್ಕೊಡುತ್ತೇವೆ.

ಓದಿ ನೋಡಿದರೆ ಅದರ ಕುತೂಹಲಕ್ಕೆ ಎಲ್ಲೆಯೇ ಇಲ್ಲ. ತಂದೆ ಎಷ್ಟನೇ ವಯಸ್ಸಿಗೆ ಯಾವ ಕಾಯಿಲೆಯಿಂದ ತೀರಿಕೊಂಡರು? ದಿನಕ್ಕೆ ಎಷ್ಟು ಬೀಡಿ, ವಾರಕ್ಕೆ ಎಷ್ಟು ಮಿಲಿಲೀಟರ್ ಮದ್ಯ? ಪರ್ವತಾರೋಹಣ, ಪ್ಯಾರಾಗ್ಲೈಡಿಂಗ್, ಸ್ಕೂಬಾ ಡೈವಿಂಗ್ ಮುಂತಾದ ಅಪಾಯಕಾರಿ ಹವ್ಯಾಸಗಳೇನಾದರೂ ಉಂಟೇ? ಆಷಾಢದ ಮಳೆಯಲ್ಲಿ ಕೊಳೆರೋಗಕ್ಕೆ ಮೈಲುತುತ್ತ ಹೊಡೆಯಲು ಪಾಚಿಗಟ್ಟಿದ ಅಡಿಕೆ ಮರ ಹತ್ತುವವನು ಇದಕ್ಕೆ ನಿಶ್ಚಿಂತೆಯಿಂದ ‘ಇಲ್ಲ’ ಎಂದು ಬರೆಯುತ್ತಾನೆ. ಅದು ಹವ್ಯಾಸವಲ್ಲವಲ್ಲ!

ಇವೆಲ್ಲ ದಾಟಿದ ಮೇಲೆ ಬರುತ್ತದೆ ಅಸಲು ಪ್ರಶ್ನೆ: ನಿಮ್ಮ ಮೇಲೆ ಯಾವುದಾದರೂ ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ಇದೆಯೇ, ಹಿಂದೆ ಇತ್ತೇ, ತನಿಖೆ ನಡೆದಿದೆಯೇ, ಆರೋಪಪಟ್ಟಿ ಸಲ್ಲಿಕೆಯಾಗಿದೆಯೇ, ಶಿಕ್ಷೆಯಾಗಿದೆಯೇ?

ಇಲ್ಲಿಗೆ ಬಂದಾಗ ಬೇಲಿಯ ಯಜಮಾನರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಳ್ಳುತ್ತಾರೆ. ಈ ಯಜಮಾನರು ನಿಮಗೂ ಗೊತ್ತು. ಪ್ರತಿ ಊರಿನಲ್ಲಿಯೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಚಿಕ್ಕಪ್ಪನ ಮಗ ರಾತ್ರೋರಾತ್ರಿ ಬೇಲಿಯನ್ನು ಒಂದು ಮಾರು ಈಚೆಗೆ ಸರಿಸಿದ; ಇವರು ಬೆಳಗ್ಗೆ ಎದ್ದು ಎರಡು ಮಾರು ಆಚೆಗೆ ಸರಿಸಿದರು. ಅಲ್ಲಿಂದ ಇಬ್ಬರೂ ಠಾಣೆಗೆ ಓಡಿದರು. ಮೊದಲು ತಲುಪಿದವನದು ಕೇಸ್, ಬೈಕಿನಲ್ಲಿ ಪೆಟ್ರೋಲ್ ಮುಗಿದವನದು ಕೌಂಟರ್ ಕೇಸ್. ಎಫ್‌ಐಆರ್‌ನಲ್ಲಿ ಬರೆದಿರುವುದು ನಮ್ಮ ಠಾಣಾ ಸಾಹಿತ್ಯದ ಅಜರಾಮರ ವಾಕ್ಯ: ‘ಅವಾಚ್ಯ ಶಬ್ದಗಳಿಂದ ನಿಂದಿಸಿ, ಕೈಯಿಂದ ಹೊಡೆದು, ಜೀವಸಹಿತ ಬಿಡುವುದಿಲ್ಲವೆಂದು ಪ್ರಾಣಬೆದರಿಕೆ ಹಾಕಿರುತ್ತಾರೆ.’ ಭಾರತೀಯ ದಂಡ ಸಂಹಿತೆಯ ಕಲಂ 323, 447, 504, 506, ಸಹ ಕಲಂ 34. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಂದು ಬಂದು ಕಲಮುಗಳ ನಂಬರು ಬದಲಾದವು; ಯಜಮಾನರ ಕೇಸ್ ಮಾತ್ರ ಹಳೇ ನಂಬರಿನಲ್ಲಿಯೇ ವಾಯಿದೆಯಿಂದ ವಾಯಿದೆಗೆ ನಡೆಯುತ್ತಿದೆ.

ಜೀವಸಹಿತ ಬಿಡುವುದಿಲ್ಲವೆಂದು ಇವರು ಹೇಳಿದ್ದು ದಾಯಾದಿಗೆ. ಆದರೆ ಕಂಪನಿಗೆ ಅನುಮಾನ ಬಂದಿರುವುದು ಇವರ ಆಯುಷ್ಯದ ಮೇಲೆ.

‘ಹೌದು’ ಎಂದು ಬರೆದರೆ ಏನಾಗುತ್ತದೆ? ಎಫ್‌ಐಆರ್ ಪ್ರತಿ, ಆರೋಪಪಟ್ಟಿಯ ಪ್ರತಿ, ಪ್ರಕರಣ ಯಾವ ಹಂತದಲ್ಲಿದೆ ಎಂಬ ವಕೀಲರ ಪತ್ರ, ಎಲ್ಲವನ್ನೂ ಕೇಳುತ್ತಾರೆ. ಅರ್ಜಿ ಶಾಖೆಯಿಂದ ಮೇಲಿನ ಕಚೇರಿಗೆ ಏರುತ್ತದೆ. ಅಲ್ಲಿ ‘ನೈತಿಕ ಅಪಾಯ’ ಎಂಬ ತಕ್ಕಡಿ ಇದೆ. ಆರೋಗ್ಯ ಚೆನ್ನಾಗಿದ್ದರೂ ನಡತೆ ನೆಟ್ಟಗಿಲ್ಲದವನನ್ನು ತೂಗುವುದು ಅದರಲ್ಲಿ. ಒಂದೋ ಹೆಚ್ಚು ಕಂತು, ಇಲ್ಲವೇ ತಿರಸ್ಕಾರ, ಅದೂ ಅಲ್ಲದಿದ್ದರೆ ‘ಪ್ರಕರಣ ಇತ್ಯರ್ಥವಾದ ಮೇಲೆ ಬನ್ನಿ’ ಎಂಬ ಸೌಜನ್ಯದ ಮುಂದೂಡಿಕೆ. ಈ ದೇಶದಲ್ಲಿ ಪ್ರಕರಣ ಇತ್ಯರ್ಥವಾಗುವ ಹೊತ್ತಿಗೆ ಯಜಮಾನರ ಕೇಸ್ ಮುಗಿದು ಶುಗರ್ ಶುರುವಾಗಿರುತ್ತದೆ. ಅದಕ್ಕೆ ಅರ್ಜಿಯಲ್ಲಿ ಬೇರೆಯೇ ಕಾಲಂ ಇದೆ.

ಆದ್ದರಿಂದಲೇ ಅನುಭವಸ್ಥ ಏಜೆಂಟರು ಧ್ವನಿ ತಗ್ಗಿಸಿ, ‘ಎಲ್ಲದಕ್ಕೂ ಇಲ್ಲ ಎಂದು ಹಾಕಿಬಿಡೋಣ ಸಾರ್, ಯಾರು ನೋಡುತ್ತಾರೆ’ ಎನ್ನುತ್ತಾರೆ. ನೋಡುವವರಿದ್ದಾರೆ. ಆದರೆ ಅವರು ನೋಡುವುದು ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ. ಓದದೆ ಸಹಿ ಹಾಕಿದೆ, ಏಜೆಂಟರೇ ತುಂಬಿದರು ಎಂಬ ಸಬೂಬು ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿಯೇ ಹೇಳಿದೆ. ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಪಾಲಿಸಿ ಆರಂಭವಾದ ಮೂರು ವರ್ಷದೊಳಗೆ ಕಂಪನಿ ಇಂಥದ್ದನ್ನೆಲ್ಲ ಕೆದಕಬಹುದು. ಮೂರು ವರ್ಷ ದಾಟಿತೋ, ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಆದ್ದರಿಂದ ಸುಳ್ಳು ಹೇಳಿದವನು ಮಾಡಬೇಕಾದ ಕೆಲಸ ಒಂದೇ: ಮೂರು ವರ್ಷ ಸಾಯದಿರುವುದು.

ಇನ್ನು ಎರಡನೆಯ ಅರ್ಜಿ. ಇದರ ಹೆಸರು ನಮೂನೆ 26. ವಿಧಾನಸಭೆಗೋ ಲೋಕಸಭೆಗೋ ನಿಲ್ಲುವವರು ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ ಇದು. ಇಲ್ಲಿಯೂ ಅದೇ ಪ್ರಶ್ನೆ: ಪ್ರಕರಣ ಇದೆಯೇ, ಯಾವ ಠಾಣೆ, ಯಾವ ಕಲಂ, ಶಿಕ್ಷೆಯಾಗಿದೆಯೇ? ಆದರೆ ಇಲ್ಲಿ ‘ಹೌದು’ ಎಂದು ಬರೆದವರನ್ನು ಯಾರೂ ಮೇಲಿನ ಕಚೇರಿಗೆ ಕಳುಹಿಸುವುದಿಲ್ಲ. ನೇರವಾಗಿ ವಿಧಾನಸೌಧಕ್ಕೆ ಕಳುಹಿಸುತ್ತಾರೆ. ಚುನಾವಣಾ ಸುಧಾರಣೆಗಾಗಿ ದುಡಿಯುವ ಎಡಿಆರ್ ಸಂಸ್ಥೆ 2023ರಲ್ಲಿ ಕರ್ನಾಟಕ ವಿಧಾನಸಭೆಗೆ ಗೆದ್ದವರಲ್ಲಿ 223 ಮಂದಿಯ ಪ್ರಮಾಣಪತ್ರಗಳನ್ನು ಪರಿಶೀಲಿಸಿತು. 122 ಮಂದಿ ತಮ್ಮ ಮೇಲೆ ಕ್ರಿಮಿನಲ್ ಪ್ರಕರಣಗಳಿವೆ ಎಂದು ತಾವೇ ಬರೆದುಕೊಟ್ಟಿದ್ದರು. 2024ರ ಲೋಕಸಭೆಯಲ್ಲಿ 543ಕ್ಕೆ 251. ಪಕ್ಷಭೇದ ಹುಡುಕಲು ಹೋಗಬೇಡಿ, ಈ ವಿಷಯದಲ್ಲಿ ನಮ್ಮ ಪಕ್ಷಗಳ ನಡುವೆ ಇರುವ ಒಮ್ಮತ ಕಾವೇರಿಯ ವಿಷಯದಲ್ಲಿಯೂ ಇಲ್ಲ. ವಿಮಾ ಕಚೇರಿಯ ತಕ್ಕಡಿಗೆ ಹಾಕಿದರೆ ಸದನದ ಅರ್ಧದಷ್ಟು ಕುರ್ಚಿಗಳು ಖಾಲಿ.

ಆರೋಪ ಸಾಬೀತಾಗುವವರೆಗೆ ಎಲ್ಲರೂ ನಿರಪರಾಧಿಗಳೇ ಎಂದು ನೀವು ನ್ಯಾಯ ಹೇಳಬಹುದು. ಒಪ್ಪಿದೆ. ಯಜಮಾನರೂ ಶಾಖೆಯಲ್ಲಿ ಅದನ್ನೇ ಹೇಳಿದರು. ಕೌಂಟರಿನ ಹುಡುಗಿ ನಕ್ಕು, ಮುಂದಿನ ಟೋಕನ್ ಕರೆದಳು. ಜೈಲಿನಲ್ಲಿರುವವರಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ಲೆಕ್ಕ ಹೇಳುತ್ತದೆ. ಅವರೂ ನಿರಪರಾಧಿಗಳೇ, ಕಂಬಿಯ ಹಿಂದೆ. ಅವರು ಮತ ಹಾಕುವಂತಿಲ್ಲ, ಕಾನೂನು ಬಿಡುವುದಿಲ್ಲ. ಚುನಾವಣೆಗೆ ನಿಲ್ಲಬಹುದು, ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. 2024ರಲ್ಲಿ ಪಂಜಾಬಿನ ಖಡೂರ್ ಸಾಹಿಬ್ ಮತ್ತು ಕಾಶ್ಮೀರದ ಬಾರಾಮುಲ್ಲಾದಿಂದ ಜೈಲಿನಲ್ಲಿದ್ದವರೇ ಗೆದ್ದು ಬಂದರು. ವಿಚಾರಣಾಧೀನರಾಗಿ ತಮಗೇ ಒಂದು ಮತ ಹಾಕಿಕೊಳ್ಳಲಾಗದ ಬಾರಾಮುಲ್ಲಾದ ಅಭ್ಯರ್ಥಿ ಲಕ್ಷಗಟ್ಟಲೆ ಮತ ಪಡೆದರು.

ಇಷ್ಟಾದರೂ ಸುಪ್ರೀಂ ಕೋರ್ಟ್ ಕೈಕಟ್ಟಿ ಕುಳಿತಿಲ್ಲ. ಅಭ್ಯರ್ಥಿ ತನ್ನ ಪ್ರಕರಣಗಳನ್ನು ಪತ್ರಿಕೆಯಲ್ಲಿ ಮೂರು ಬಾರಿ ಪ್ರಕಟಿಸಬೇಕು ಎಂದು 2018ರ ತೀರ್ಪಿನಿಂದ ನಿಯಮವಾಯಿತು. ಪ್ರಕಟಿಸುತ್ತಾರೆ, ಪಾಪ, ಕಳೆದುಹೋದ ಅಂಕಪಟ್ಟಿ ಮತ್ತು ಹೆಸರು ಬದಲಾವಣೆಯ ನಡುವೆ. 2020ರಲ್ಲಿ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರಕರಣ ಇರುವವರಿಗೇ ಏಕೆ ಟಿಕೆಟ್ ಕೊಟ್ಟಿರಿ, ಪ್ರಕರಣವಿಲ್ಲದವರು ನಿಮ್ಮ ಪಕ್ಷದಲ್ಲಿ ಯಾರೂ ಸಿಗಲಿಲ್ಲವೇ ಎಂದು ಪಕ್ಷಗಳು ಕಾರಣ ಬರೆಯಬೇಕೆಂದಿತು. ಗೆಲ್ಲುವ ಸಾಮರ್ಥ್ಯವೊಂದನ್ನೇ ಕಾರಣವಾಗಿ ಕೊಡುವಂತಿಲ್ಲ ಎಂದೂ ಸೇರಿಸಿತು. ಗೆಲ್ಲುವುದೊಂದನ್ನು ಬಿಟ್ಟು ಬೇರೆ ಕಾರಣ ಬರೆಯಬೇಕಾಗಿ ಬಂದಾಗ ನಮ್ಮ ಪಕ್ಷಗಳ ಕಚೇರಿಗಳಲ್ಲಿ ಎಂಥ ಮೌನ ಕವಿದಿರಬೇಡ! ಕೊನೆಗೆ ಸಿದ್ಧ ಉತ್ತರಗಳು ಹೊರಬಂದವು: ಜನಪ್ರಿಯರು, ಸಮಾಜಸೇವಕರು, ಬಡವರ ಬಂಧು, ಪ್ರಕರಣಗಳೆಲ್ಲ ರಾಜಕೀಯ ಪ್ರೇರಿತ.

ಬೇಲಿಯ ಯಜಮಾನರಿಗೆ ಇದು ಬಹಳ ಹಿಡಿಸಿತು. ವಿಮೆಯ ಅರ್ಜಿಗೆ ಅವರೂ ಒಂದು ಬಿಳಿ ಹಾಳೆ ಲಗತ್ತಿಸಿದರು: ‘ಅರ್ಜಿದಾರರು ಬೀದಿಯಲ್ಲಿ ಜನಪ್ರಿಯರು. ಊರ ಜಾತ್ರೆಗೆ ಎರಡು ಮೂಟೆ ಅಕ್ಕಿ ಕೊಟ್ಟಿರುತ್ತಾರೆ. ಸದರಿ ಪ್ರಕರಣವು ದಾಯಾದಿ ಪ್ರೇರಿತವಾಗಿರುತ್ತದೆ.’ ಮೇಲಿನ ಕಚೇರಿ ಆ ಹಾಳೆಯನ್ನು ಕಡತದಲ್ಲಿ ಸೇರಿಸಿ, ಎಫ್‌ಐಆರ್‌ನ ಸ್ಪಷ್ಟ ಪ್ರತಿ ಕಳುಹಿಸುವಂತೆ ಮತ್ತೊಮ್ಮೆ ಬರೆಯಿತು.

ಕಂಪನಿಯನ್ನು ಬೈಯಲು ನನಗೆ ಮನಸ್ಸಿಲ್ಲ. ಹೋಗುವುದು ಅದರ ದುಡ್ಡು, ಅದು ಕೇಳುತ್ತದೆ. ಐವತ್ತು ಲಕ್ಷ ರೂಪಾಯಿಯ ಮಾತು ಬಂದರೆ ಒಬ್ಬ ಮನುಷ್ಯನ ಪೂರ್ವಾಪರವನ್ನು ಎಷ್ಟು ಆಳಕ್ಕೆ ಅಗೆಯಬೇಕೆಂಬುದು ಅದಕ್ಕೆ ಗೊತ್ತು. ನಮ್ಮ ರಾಜ್ಯದ 2025-26ರ ಬಜೆಟ್ 4,09,549 ಕೋಟಿ ರೂಪಾಯಿ. ಅದನ್ನು ಯಾರ ಕೈಗೆ ಕೊಡುತ್ತೇವೆಂದು ಅಗೆದು ನೋಡಲು ನಮಗೆ ಪುರುಸೊತ್ತಿಲ್ಲ, ಏಕೆಂದರೆ ಅದು ಯಾರ ದುಡ್ಡೆಂದು ಇನ್ನೂ ತೀರ್ಮಾನವಾಗಿಲ್ಲ.

ಸುಳ್ಳಿನ ಬೆಲೆಯಲ್ಲಿಯೂ ಎರಡು ಅರ್ಜಿಗಳಿಗೆ ಅಜಗಜಾಂತರ. ವಿಮೆಯ ಅರ್ಜಿಯಲ್ಲಿ ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಹೆಂಡತಿ ಮಕ್ಕಳಿಗೆ ಇಡೀ ಮೊತ್ತ ಕೈತಪ್ಪಬಹುದು. ಚುನಾವಣೆಯ ಪ್ರಮಾಣಪತ್ರದಲ್ಲಿ ಮುಚ್ಚಿಟ್ಟರೆ ಜನಪ್ರತಿನಿಧಿ ಕಾಯ್ದೆಯ 125ಎ ಕಲಂ ಅಡಿಯಲ್ಲಿ ಹೆಚ್ಚೆಂದರೆ ಆರು ತಿಂಗಳು, ಅಥವಾ ದಂಡ, ಇಲ್ಲವೇ ಎರಡೂ. ಮಾಮೂಲಿ ಅಪರಾಧಗಳಲ್ಲಿ ಅನರ್ಹತೆ ಬರುವುದು ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಗೆ. ಆರು ತಿಂಗಳಿಗೆ ಕುರ್ಚಿಯ ಕಾಲೂ ಅಲುಗುವುದಿಲ್ಲ. ಈ ಶಿಕ್ಷೆಯನ್ನು ಎರಡು ವರ್ಷಕ್ಕೆ ಏರಿಸಿ ಎಂದು ಕಾನೂನು ಆಯೋಗ ಶಿಫಾರಸು ಮಾಡಿತ್ತು. ಶಿಫಾರಸು ಸ್ವೀಕರಿಸಬೇಕಾದವರು ಯಾರೆಂದು ಬಿಡಿಸಿ ಹೇಳಬೇಕಿಲ್ಲವಷ್ಟೆ. ಆಯ್ಕೆಯನ್ನೇ ರದ್ದುಪಡಿಸಿ ಎಂದು ಹೈಕೋರ್ಟಿಗೆ ಹೋಗುವ ದಾರಿಯೂ ಇದೆ, ಆದರೆ ಆ ಬಾಗಿಲು ತೆರೆದಿರುವುದು ಫಲಿತಾಂಶ ಬಂದ 45 ದಿನ ಮಾತ್ರ. ಒಬ್ಬ ಅಡಿಕೆ ಬೆಳೆಗಾರನ ಬೇಲಿ ಜಗಳ ಕೆದಕಲು ಕಂಪನಿಗೆ ಮೂರು ವರ್ಷ, ಶಾಸಕರ ಪೂರ್ವಾಪರ ಪ್ರಶ್ನಿಸಲು ಮತದಾರನಿಗೆ ಒಂದೂವರೆ ತಿಂಗಳು.

ಆತ್ಮಹತ್ಯೆಯ ಷರತ್ತೂ ಹೀಗೆಯೇ. ಪಾಲಿಸಿ ಮಾಡಿಸಿದ ಹನ್ನೆರಡು ತಿಂಗಳೊಳಗೆ ಜೀವ ಕಳೆದುಕೊಂಡರೆ ಪೂರ್ಣ ಮೊತ್ತ ಸಿಗುವುದಿಲ್ಲ. ರಾಜಕೀಯದವರು ಈ ಷರತ್ತನ್ನು ಮಾತ್ರ ಚೆನ್ನಾಗಿ ಓದಿಕೊಂಡಂತಿದೆ. 2018ರ ಮೇನಲ್ಲಿ ಆಯ್ಕೆಯಾಗಿದ್ದ 17 ಶಾಸಕರು ಹದಿನಾಲ್ಕು ತಿಂಗಳು ಕಾದು, 2019ರ ಜುಲೈನಲ್ಲಿ ಪಕ್ಷಾಂತರದ ಕಾರಣಕ್ಕೆ ಅನರ್ಹರಾದರು. 2020ರ ಫೆಬ್ರವರಿ 6ರಂದು ಅವರಲ್ಲಿ ಹತ್ತು ಮಂದಿ ಸಚಿವರಾಗಿ ಪ್ರಮಾಣವಚನ ಸ್ವೀಕರಿಸಿದರು. ಸತ್ತ ಮೇಲೆ ಬೋನಸ್ ಸಮೇತ ಎದ್ದು ಬರುವ ಇಂಥ ಯೋಜನೆ ಯಾವ ವಿಮಾ ಕಂಪನಿಯಲ್ಲಿಯೂ ಇಲ್ಲ.

ಬೆಂಗಳೂರಿನಲ್ಲಿ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಎಂಬುದೊಂದಿದೆ, ಅವರ ಪ್ರಕರಣಗಳನ್ನು ಬೇಗ ಮುಗಿಸಲೆಂದು. ಒಂದು ವೃತ್ತಿಯ ಹೆಸರಿನಲ್ಲಿಯೇ ಪ್ರತ್ಯೇಕ ಕ್ರಿಮಿನಲ್ ಕೋರ್ಟ್ ತೆರೆಯಬೇಕಾಗಿ ಬಂದದ್ದು ಇನ್ಯಾರಿಗಾದರೂ ಉಂಟೇ? ದಂತವೈದ್ಯರ ವಿಶೇಷ ನ್ಯಾಯಾಲಯ ಎಂಬ ಫಲಕವನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ?

ಯಜಮಾನರಿಗೆ ಕೊನೆಗೊಂದು ವಿಮೆ ಸಿಕ್ಕಿತೆನ್ನಿ. ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಜೀವನ ಜ್ಯೋತಿ ಯೋಜನೆಗೆ ಒಂದು ಸಹಿ. ವರ್ಷಕ್ಕೆ 436 ರೂಪಾಯಿ ಖಾತೆಯಿಂದ ತಾನಾಗಿಯೇ ಕಡಿತ, ಸತ್ತರೆ ಎರಡು ಲಕ್ಷ. ಕೇಸ್ ಇದೆಯೇ, ಪ್ಯಾರಾಗ್ಲೈಡಿಂಗ್ ಮಾಡುತ್ತೀರಾ ಎಂದು ಯಾರೂ ಕೇಳಲಿಲ್ಲ. ಅಗ್ಗದಲ್ಲಿ ಸಾಯುವವನ ನಡತೆಯ ಬಗ್ಗೆ ಯಾರಿಗೂ ತಕರಾರಿಲ್ಲ.

ಆದರೆ ಎರಡು ಲಕ್ಷ ಯಾವ ಮೂಲೆಗೆ? ಈಗ ಏಜೆಂಟರೇ ಒಂದು ಹೊಸ ಯೋಜನೆಯೊಂದಿಗೆ ಜಗಲಿಗೆ ಬಂದು ಕುಳಿತಿದ್ದಾರೆ. ‘ವಿಧಾನಸಭೆಗೆ ನಿಲ್ಲಿ ಸಾರ್. ಒಂದೇ ಕಂತು, ಠೇವಣಿ ಹತ್ತು ಸಾವಿರ. ಚಲಾವಣೆಯಾದ ಮತದಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ಅದೂ ವಾಪಸ್. ಮೆಡಿಕಲ್ ಇಲ್ಲ, ರಕ್ತ ಕೊಡಬೇಕಿಲ್ಲ, ಶುಗರ್ ಎಷ್ಟಿದ್ದರೂ ನಡೆಯುತ್ತದೆ. ನಿಮ್ಮದು ಬರೀ 323, 504. ಪಕ್ಷದವರು ಇದು ಸಾಲದು ಎನ್ನದಿದ್ದರೆ ಸಾಕು. ಪಕ್ಷದ ಬಿ ಫಾರಂ ಕೈಗೆ ಬಂದು ಗೆದ್ದುಬಿಟ್ಟರೆ ಠಾಣೆಯಿಂದ ಕೇಸ್ ಮುಚ್ಚುವ ಬಿ ರಿಪೋರ್ಟ್ ಮನೆ ಬಾಗಿಲಿಗೆ ಬರುತ್ತದೆ.’

ಯಜಮಾನರು ಎಲೆಗೆ ಸುಣ್ಣ ಹಚ್ಚುತ್ತ, ನಾನು ಸತ್ತರೆ ಮನೆಯವರಿಗೆ ಏನು ಸಿಗುತ್ತದೆ ಎಂದು ಕೇಳಿದರು.

‘ಉಪಚುನಾವಣೆ ಸಾರ್’ ಎಂದರು ಏಜೆಂಟರು, ಪೆನ್ನಿನ ಮುಚ್ಚಳ ತೆಗೆದು. ‘ನಾಮಿನಿ ಕಾಲಮ್ಮಿನಲ್ಲಿ ಮಗನ ಹೆಸರೇ ಬರೆಯಲಾ?’