ಬೀದಿಗೆ ಬಂದ ಮೇಲೆ ಅದು ಯಾರ ನಾಯಿ?

ಮುಂಬಾಗಿಲು ತೆರೆಯುವ ಮೊದಲು ನಾನೀಗ ಕಿಟಕಿಯ ಪರದೆ ಸರಿಸಿ ರಸ್ತೆ ನೋಡುತ್ತೇನೆ. 22 ವರ್ಷದಿಂದ ಇದೇ ಮನೆಯಲ್ಲಿದ್ದೇನೆ. ಬನಶಂಕರಿ ಕಡೆಯ ಒಂದು ಸಣ್ಣ ಅಡ್ಡರಸ್ತೆ, ಎರಡೂ ಬದಿಗೆ ಮೂವತ್ತು-ನಲವತ್ತರ ಸೈಟುಗಳು, ಕೊನೆಯಲ್ಲಿ ಒಂದು ಗಣಪತಿ ಗುಡಿ. ಇಷ್ಟು ವರ್ಷ ನನ್ನ ಮನೆಯ ಬಾಗಿಲು ತೆಗೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಒಂದೂವರೆ ವರ್ಷದಿಂದ ಬೇಕಾಗಿದೆ. ಎದುರುಮನೆಯ ನಾಯಿ ಗೇಟಿನೊಳಗಿದೆ ಎಂದು ಖಾತ್ರಿಯಾದರೆ ಮಾತ್ರ ನೀರಿನ ಬಕೆಟ್ಟು, ರಂಗೋಲಿ ಡಬ್ಬಿ ಹಿಡಿದು ಹೊರಗೆ ಕಾಲಿಡುತ್ತೇನೆ. ಹೊರಗಿದ್ದರೆ ಕಾಯುತ್ತೇನೆ. ಹಾಲು ಉಕ್ಕಿದರೂ, ಕುಕ್ಕರ್ ಕೂಗಿದರೂ ಆ ಕಿಟಕಿ ಬಿಟ್ಟು ಬರಲಾಗದೆ ನಿಂತಿರುತ್ತೇನೆ.

ಬೆಳಿಗ್ಗೆ ಆರು ಗಂಟೆಗೆ ಅವರ ಗೇಟಿನ ಚಿಲಕ ಸರಿಯುವ ಸದ್ದು ಕೇಳುತ್ತದೆ. ಆ ಮನುಷ್ಯ ಹೊರಗೆ ಬರುವುದು ಅಷ್ಟಕ್ಕೇ, ಚಿಲಕ ತೆಗೆಯುವುದಕ್ಕೆ. ಜರ್ಮನ್ ಶೆಫರ್ಡ್ ನಾಯಿ, ನಿಂತರೆ ನನ್ನ ಸೊಂಟದವರೆಗೆ ಬರುತ್ತದೆ. ಅದು ಬಾಣದಂತೆ ರಸ್ತೆಗೆ ಹಾರುತ್ತದೆ. ಈತ ಮೊಬೈಲ್ ನೋಡುತ್ತ ಒಳಗೆ ಹೋಗುತ್ತಾನೆ. ಕೊರಳಿಗೆ ಪಟ್ಟಿ ಇಲ್ಲ, ಸರಪಳಿ ಇಲ್ಲ, ಹಿಂದೆ ಒಬ್ಬ ಮನುಷ್ಯ ಇಲ್ಲ. ಅರ್ಧ ಗಂಟೆ, ಕೆಲವು ದಿನ ಮುಕ್ಕಾಲು ಗಂಟೆ ಆ ರಸ್ತೆ ನಾಯಿಯದು. ರಾತ್ರಿ ಒಂಬತ್ತಕ್ಕೆ ಮತ್ತೊಮ್ಮೆ ಇದೇ ಕಥೆ. ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗುವುದು ಎಂದರೆ ಅವರ ಲೆಕ್ಕದಲ್ಲಿ ಚಿಲಕ ತೆಗೆಯುವುದು.

ಮೊದಮೊದಲು ಗಲೀಜಿನ ಗೋಳು. ಹಾಕಿದ ರಂಗೋಲಿಯ ಮೇಲೆಯೇ ಹೊಲಸು. ಸ್ಕೂಟರಿನ ಚಕ್ರಕ್ಕೆ, ಕಾಂಪೌಂಡಿನ ಹೊರಗಿಟ್ಟ ದಾಸವಾಳದ ಕುಂಡಕ್ಕೆ ಕಾಲೆತ್ತುವುದು. ಕಸದ ಗಾಡಿಗೆಂದು ಇಟ್ಟ ಹಸಿ ಕಸದ ಬಕೆಟ್ಟನ್ನು ಉರುಳಿಸಿ ಬಾಳೆಲೆ, ಅನ್ನ, ತರಕಾರಿ ಸಿಪ್ಪೆ ಎಲ್ಲವನ್ನೂ ರಸ್ತೆಯ ತುಂಬ ಎಳೆದಾಡುವುದು. ಏಳು ಗಂಟೆಗೆ ಬರುವ ಪೌರಕಾರ್ಮಿಕ ಹೆಂಗಸು ಅದನ್ನೆಲ್ಲ ಬಳಿಯಬೇಕು. ಒಂದು ದಿನ ಆಕೆ ಎರಡು ರಟ್ಟಿನ ತುಂಡು ಹಿಡಿದು ಆ ನಾಯಿಯ ಹೊಲಸನ್ನು ಎತ್ತುತ್ತಿದ್ದಾಗ ಈತ ಅದೇ ಗೇಟಿನ ಬಳಿ ಕಾಫಿ ಕುಡಿಯುತ್ತ ನಿಂತಿದ್ದ. ಒಂದು ಚೀಲ ತಂದು ತನ್ನ ನಾಯಿಯದನ್ನು ತಾನೇ ಎತ್ತಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಹೋಗಿ ಕೇಳಿದೆ. ಬಂದ ಉತ್ತರ, "ಆಂಟಿ, ಗುಡಿಸುವುದು ಅವರ ಕೆಲಸ ಅಲ್ಲವೇ?"

ಅಲ್ಲ. ನಿನ್ನ ಮನೆಯ ಪ್ರಾಣಿಯ ಮಲ ಎತ್ತುವುದು ಆಕೆಯ ಕೆಲಸ ಅಲ್ಲ. ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ.

ಗಲೀಜನ್ನಾದರೂ ತೊಳೆಯಬಹುದು. ಭಯವನ್ನು ಯಾವ ಪೊರಕೆಯಿಂದ ಗುಡಿಸಲಿ? ನಮ್ಮ ಅತ್ತೆಗೆ 78 ವರ್ಷ. ನಾಲ್ಕು ವರ್ಷದ ಹಿಂದೆ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಊರುಗೋಲು ಹಿಡಿದು ದಿನವೂ ಸಂಜೆ ಗಣಪತಿ ಗುಡಿಗೆ ಹೋಗಿಬರುವುದನ್ನು ಹಟ ಹಿಡಿದು ಕಲಿತರು. ನೂರಿಪ್ಪತ್ತು ಹೆಜ್ಜೆ, ಅವರೇ ಎಣಿಸಿದ್ದು. ಕಳೆದ ಕಾರ್ತಿಕದಲ್ಲಿ ದೀಪ ಹಚ್ಚಿ ಬರುವಾಗ ಈ ನಾಯಿ ಹಿಂದಿನಿಂದ ಬಂದು ಎರಡೂ ಮುಂಗಾಲುಗಳನ್ನು ಅವರ ಭುಜದ ಮೇಲಿಟ್ಟಿತು. ಕಚ್ಚಲಿಲ್ಲ, ನಿಜ. ವಿದ್ಯುತ್ ಕಂಬ ಕೈಗೆ ಸಿಕ್ಕಿತೆಂದು ಅತ್ತೆ ಬೀಳಲಿಲ್ಲ. ಎಣ್ಣೆಯ ಬಟ್ಟಲು ಬಿದ್ದು ಸೀರೆಯೆಲ್ಲ ನೆನೆದಿತ್ತು. ಒಳಗೆ ಕರೆತಂದು ಕೂರಿಸಿದರೆ ಕಾಲು ಗಂಟೆ ಅವರ ಗಲ್ಲ ನಡುಗುತ್ತಲೇ ಇತ್ತು, ಮಾತೇ ಹೊರಡಲಿಲ್ಲ. ಅಂದಿನಿಂದ ಅವರು ಗುಡಿಗೆ ಹೋಗಿಲ್ಲ. ಮಂಗಳಾರತಿಯ ಗಂಟೆ ಕೇಳಿಸಿದಾಗ ಹಜಾರದ ಕುರ್ಚಿಯಿಂದಲೇ ಆ ದಿಕ್ಕಿಗೆ ತಿರುಗಿ ಕೈ ಮುಗಿಯುತ್ತಾರೆ. ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಗುತ್ತದೆ.

ಆ ದಿನವೂ ಹೋಗಿ ಹೇಳಿದೆ. ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲಿ ನಿಂತು ನನಗೇ ಬುದ್ಧಿ ಹೇಳಿದರು. "ನಮ್ಮ ಬ್ರೂನೊ ಏನೂ ಮಾಡುವುದಿಲ್ಲ ಆಂಟಿ, ಆಟಕ್ಕೆ ಬರುತ್ತಾನೆ. ಹೆದರಿದರೆ ನಾಯಿಗೆ ಗೊತ್ತಾಗುತ್ತದೆ, ಅಜ್ಜಿಗೆ ಹೆದರಬೇಡಿ ಎಂದು ಹೇಳಿ." ಹೆದರಬೇಕೋ ಬಾರದೋ ಎಂಬುದನ್ನು ಎಪ್ಪತ್ತೆಂಟು ವರ್ಷದ ಮುದುಕಿಗೆ ಇವರು ಕಲಿಸುತ್ತಾರೆ. ಸೊಂಟದಲ್ಲಿ ಕಬ್ಬಿಣ ಇಟ್ಟುಕೊಂಡು ನಡೆಯುವ ಜೀವಕ್ಕೆ ನಾಯಿಯ ಆಟವೂ ಒಂದೇ, ನಾಯಿಯ ಕಡಿತವೂ ಒಂದೇ. ಬಿದ್ದರೆ ಮತ್ತೆ ಏಳುವುದಿಲ್ಲ. ಇಷ್ಟು ತಿಳಿಯಲು ನಾಯಿ ಸಾಕಿ ಗೊತ್ತಿರಬೇಕಿಲ್ಲ, ಮನೆಯಲ್ಲಿ ಹಿರಿಯರನ್ನು ನೋಡಿ ಗೊತ್ತಿದ್ದರೆ ಸಾಕು.

ಈಗ ಈ ತಿಂಗಳು ನಡೆದದ್ದನ್ನು ಹೇಳುತ್ತೇನೆ.

ನಮ್ಮ ರಸ್ತೆಗೆ ಹೂವು ತರುವ ಹೆಂಗಸು ಹದಿನೈದು ವರ್ಷದಿಂದ ಬರುತ್ತಿದ್ದಾರೆ. ಬೆಳಿಗ್ಗೆ ಆರೂಕಾಲಕ್ಕೆಲ್ಲ ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಬಾಳೆಲೆ ಸುತ್ತಿದ ಕನಕಾಂಬರ. ಮೊಳ ಅಳೆಯುವಾಗ ನಮ್ಮ ಮನೆಗೆ ಯಾವಾಗಲೂ ನಾಲ್ಕು ಬೆರಳು ಹೆಚ್ಚಿಗೆ ಬಿಡುತ್ತಾರೆ. ಅಂದು ನಾನು ಗೇಟಿನ ಒಳಗೆ ನಿಂತು ಅವರನ್ನೇ ಕಾಯುತ್ತಿದ್ದೆ. ಮೂರು ಮನೆ ಆಚೆ ಇದ್ದರು. ನಾಯಿ ಓಡಿಬಂತು. ಅವರು ಬುಟ್ಟಿ ಹಿಡಿದ ಕೈಯನ್ನು ತಕ್ಷಣ ಇಳಿಸಲಾಗಲಿಲ್ಲ, ಕೂಗಿದರು, ಹಿಂದೆ ಸರಿದರು. ಅಷ್ಟರಲ್ಲಿ ಎಡಗಾಲಿನ ಮೀನಖಂಡಕ್ಕೆ ಬಾಯಿ ಹಾಕಿ ಎಳೆಯಿತು. ನನ್ನ ಎರಡು ಕಣ್ಣುಗಳಿಂದ ನೋಡಿದ್ದೇನೆ. ಸೇವಂತಿಗೆ ಎಲ್ಲ ರಸ್ತೆಗೆ ಚೆಲ್ಲಿತ್ತು. ಎರಡು ಕಡೆ ಹಲ್ಲು ಆಳಕ್ಕೆ ಇಳಿದು ರಕ್ತ ಚಪ್ಪಲಿಯವರೆಗೆ ಹರಿದಿತ್ತು. ನಮ್ಮ ಹೊರಗಿನ ನಲ್ಲಿಯ ಕೆಳಗೆ ಅವರ ಕಾಲಿಟ್ಟು, ಬಟ್ಟೆ ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆದೆ. ಅರಿಸಿನ, ಕಾಫಿ ಪುಡಿ, ಸುಣ್ಣ ತರುತ್ತೇವೆಂದು ಬಂದವರನ್ನೆಲ್ಲ ಬೈದು ಕಳಿಸಿದೆ. ಅವರು ಕಲ್ಲಿನ ಮೇಲೆ ಕುಳಿತು ಅಳುತ್ತಿದ್ದದ್ದು ನೋವಿಗಲ್ಲ. "ಇವತ್ತಿನ ಹೂವು ಹಾಳಾಯಿತಲ್ಲಮ್ಮ, ಮಾರುಕಟ್ಟೆಗೆ ದುಡ್ಡು ಕಟ್ಟಬೇಕು" ಎಂದು.

ಸರಕಾರಿ ಆಸ್ಪತ್ರೆಗೆ ಆಟೊದಲ್ಲಿ ಕರೆದುಕೊಂಡು ಹೋದೆ. ಚರ್ಮ ಸೀಳಿ ರಕ್ತ ಬಂದಿದೆ, ಮೂರನೆಯ ದರ್ಜೆಯ, ಅಂದರೆ ಎಲ್ಲಕ್ಕಿಂತ ಗಂಭೀರವಾದ ಗಾಯ ಎಂದರು ವೈದ್ಯರು. ಅಂಥ ಗಾಯಕ್ಕೆ ಲಸಿಕೆ ಒಂದೇ ಸಾಲದು, ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನು ಗಾಯದೊಳಗೇ ಸೂಜಿ ಚುಚ್ಚಿ ತುಂಬಬೇಕು. ಹಸಿ ಗಾಯಕ್ಕೆ ಸೂಜಿ ಇಳಿಯುವಾಗ ಆಕೆ ನನ್ನ ಮುಂಗೈಯನ್ನು ಹಿಡಿದ ಗುರುತು ಮೂರು ದಿನ ಹೋಗಲಿಲ್ಲ. ಆಮೇಲೆ ತೋಳಿಗೆ ಲಸಿಕೆ. ಮೊದಲ ದಿನದ್ದು ಬಿಟ್ಟು 3, 7 ಮತ್ತು 28ನೆಯ ದಿನ ಮತ್ತೆ ಬರಬೇಕು. ದಿನದ ದುಡಿಮೆಯ ಮೇಲೆ ಬದುಕುವವರಿಗೆ ಪ್ರತಿ ಸಲವೂ ಒಂದು ದಿನದ ಸಂಪಾದನೆ ಹೋಯಿತು. ತಪ್ಪಿಸುವಂತೆಯೂ ಇಲ್ಲ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ.

ವೈದ್ಯರು ಒಂದು ಪ್ರಶ್ನೆ ಕೇಳಿದರು: ಸಾಕಿದ ನಾಯಿಯೇ, ಲಸಿಕೆ ಹಾಕಿಸಿದ್ದಾರೆಯೇ, ಹತ್ತು ದಿನ ಅದರ ಮೇಲೆ ಕಣ್ಣಿಡಬಹುದೇ? ಕಚ್ಚಿದ ನಾಯಿ 10 ದಿನ ಆರೋಗ್ಯವಾಗಿಯೇ ಇದ್ದರೆ, ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಎಂದು ಅರ್ಥವಂತೆ. ಚಿಕಿತ್ಸೆ ನಿಲ್ಲುವುದಿಲ್ಲ, ಆದರೆ ಜೀವಕ್ಕೆ ಒಂದು ನೆಮ್ಮದಿ ಸಿಗುತ್ತದೆ. ಆ ನೆಮ್ಮದಿ ಕೊಡಲು ಎದುರುಮನೆಯವರಿಗೆ ಬೇಕಾಗಿದ್ದದ್ದು ಲಸಿಕೆಯ ಪುಸ್ತಕವೊಂದನ್ನು ತಂದು ತೋರಿಸುವುದು. ನೇರವಾಗಿ ಅವರ ಮನೆಗೆ ಹೋದೆ. ಆತ ಹೇಳಿದ ಮಾತು ಕೇಳಿ: "ಅದು ನಮ್ಮ ನಾಯಿ ಎಂದು ಹೇಗೆ ಹೇಳುತ್ತೀರಿ? ಬೀದಿನಾಯಿ ಇರಬಹುದು."

ಹುಟ್ಟುಹಬ್ಬಕ್ಕೆ ಕೇಕು ತರಿಸಿ, ಟೋಪಿ ಹಾಕಿ, "ನಮ್ಮ ಮಗನಿಗೆ ಮೂರು ತುಂಬಿತು" ಎಂದು ರಸ್ತೆಗೆಲ್ಲ ಸಿಹಿ ಹಂಚಿದವರು ಇವರೇ. ಮನೆಯೊಳಗೆ ಮಗ. ರಂಗೋಲಿ ಮೇಲೆ ಹೊಲಸು ಮಾಡಿದರೆ "ಪ್ರಾಣಿ ಅಲ್ಲವೇ ಆಂಟಿ, ಅದಕ್ಕೇನು ಗೊತ್ತು". ಒಬ್ಬರ ಕಾಲು ಸೀಳಿದ ದಿನ ಯಾರದೋ ಬೀದಿನಾಯಿ. ಅಪ್ಪ ಎಂದು ಕರೆಸಿಕೊಳ್ಳುವವನು ಮಗ ತಪ್ಪು ಮಾಡಿದ ದಿನವೇ ಕೈ ತೊಳೆದುಕೊಂಡ.

ನಮ್ಮ ರಸ್ತೆಯಲ್ಲಿ ನಿಜವಾದ ಬೀದಿನಾಯಿಯೂ ಒಂದಿದೆ. ಕೆಂಪಿ ಎಂದು ಕರೆಯುತ್ತೇವೆ. ಅದರ ಒಂದು ಕಿವಿಯ ಅಂಚು ಕತ್ತರಿಸಿದೆ. ಸಂತಾನಹರಣ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ತಂದು ಬಿಟ್ಟದ್ದಕ್ಕೆ ಅದು ಗುರುತು. ಯಾರೂ ಇಲ್ಲದ ನಾಯಿಗೆ ಕಿವಿಯ ಮೇಲೆಯೇ ದಾಖಲೆ ಇದೆ. ಹವಾನಿಯಂತ್ರಿತ ಕೋಣೆಯಲ್ಲಿ ಮಲಗುವ ಬ್ರೂನೊಗೆ ಒಂದು ಚೀಟಿಯೂ ಇಲ್ಲ. 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂದು ದೇಶದ ತುಂಬ ಅದೇ ಮಾತಾಗಿತ್ತಲ್ಲ, ಆಗ ಕೆಂಪಿಯನ್ನು ಎಲ್ಲಿಗಾದರೂ ಸಾಗಿಸಬೇಕೆಂದು ನಮ್ಮ ರಸ್ತೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮಾತನಾಡಿದವನು ಈತನೇ. ಪ್ರಾಣಿ ಜನನ ನಿಯಂತ್ರಣ ನಿಯಮ 2023 ಬೀದಿನಾಯಿಯ ಹೊಣೆಯನ್ನು ಸ್ಥಳೀಯ ಸಂಸ್ಥೆಗೆ ಕೊಟ್ಟಿದೆ, ಸಾಕುನಾಯಿಯ ಲಸಿಕೆಯ ಹೊಣೆಯನ್ನು ಸಾಕಿದವನಿಗೇ ಕೊಟ್ಟಿದೆ. ಅದನ್ನು ಓದಿ ಹೇಳಿದರೆ ಕೇಳುವ ತಾಳ್ಮೆ ಅವನಿಗಿಲ್ಲ.

ಠಾಣೆಗೆ ಹೋದೆವು. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮನ್ನು ಕಾಗದದಲ್ಲಿ ಬರೆದುಕೊಂಡೇ ಹೋಗಿದ್ದೆ. ತನ್ನ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸೆರೆಮನೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ದಂಡ ಸಂಹಿತೆಯಲ್ಲೂ 289 ಎಂದು ಇದೇ ಇತ್ತು, ದಂಡ ಮಾತ್ರ 1,000 ಇತ್ತು. ಕಾಗದ ನೋಡಿದವರು ಮಡಿಸಿ ಮೇಜಿನ ಮೇಲಿಟ್ಟು, "ಅಕ್ಕಪಕ್ಕದವರು, ಕೂತು ಮಾತನಾಡಿ ಬಗೆಹರಿಸಿಕೊಳ್ಳಿ ಅಮ್ಮ" ಎಂದರು. ಒಂದೂವರೆ ವರ್ಷದಿಂದ ನಾನು ಮಾಡುತ್ತಿರುವುದು ಮಾತನಾಡುವುದನ್ನೇ. ಬಾಗಿಲಿಗೆ ಹೋಗಿ ಮಾತನಾಡಿದ್ದೇನೆ, ಫೋನಿನಲ್ಲಿ ಮಾತನಾಡಿದ್ದೇನೆ, ಅವರ ತಾಯಿ ಊರಿನಿಂದ ಬಂದಾಗ ಅವರ ಹತ್ತಿರವೂ ಮಾತನಾಡಿದ್ದೇನೆ. ಪಾಪ, ಆ ಹೆಂಗಸು ತಲೆ ತಗ್ಗಿಸಿ ಕುಳಿತರು. ಪಾಲಿಕೆಯ ಸಹಾಯವಾಣಿಗೆ ಕೊಟ್ಟ ದೂರು ಎರಡೇ ದಿನದಲ್ಲಿ "ಪರಿಹರಿಸಲಾಗಿದೆ" ಎಂದು ಮೊಬೈಲಿಗೆ ಬಂತು. ಯಾರು ಬಂದರು, ಏನು ಪರಿಹರಿಸಿದರು, ದೇವರಿಗೇ ಗೊತ್ತು.

ರಸ್ತೆಯ ಜನರ ಮೇಲೂ ನನಗೆ ಸಿಟ್ಟಿದೆ. ನೋಡಿದವರು ನಾಲ್ಕು ಮಂದಿ. ಸಾಕ್ಷಿ ಹೇಳಿ ಎಂದರೆ ಒಬ್ಬರಿಗೆ ಕನ್ನಡಕ ಇರಲಿಲ್ಲ, ಇನ್ನೊಬ್ಬರಿಗೆ ಪಾರ್ಕಿಂಗಿಗೆ ಅವರ ಹತ್ತಿರ ಉಪಕಾರ ಬೇಕು, ಮತ್ತೊಬ್ಬರಿಗೆ "ಹೂವಿನವಳಿಗೋಸ್ಕರ ನಾವು ಯಾಕೆ ಎದುರು ಹಾಕಿಕೊಳ್ಳಬೇಕು". ಅದೇ ಹಲ್ಲು ಅವರ ಮೊಮ್ಮಗನ ಕೆನ್ನೆಗೆ ಇಳಿದಿದ್ದರೆ ಈ ಮಾತು ಬರುತ್ತಿತ್ತೇ?

ನಾಯಿಯ ಮೇಲೆ ನನಗೆ ಕೋಪವಿಲ್ಲ. ನಂಬಿದರೆ ನಂಬಿ, ಆ ಮನೆಯಲ್ಲಿ ನನಗೆ ಅಯ್ಯೋ ಅನ್ನಿಸುವುದು ಅದೊಂದರ ಬಗ್ಗೆಯೇ. ಇಬ್ಬರೂ ಒಂಬತ್ತಕ್ಕೆ ಕೆಲಸಕ್ಕೆ ಹೊರಟರೆ ಬರುವುದು ರಾತ್ರಿ ಎಂಟಕ್ಕೆ. ಅಲ್ಲಿಯವರೆಗೆ ಅದು ಹಿಂಬದಿಯ ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕದಲ್ಲಿ, ಮೂರಡಿ ಸರಪಳಿಯಲ್ಲಿ. ಮಧ್ಯಾಹ್ನ ಅದು ಅಳುವ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತದೆ. ಕುರಿ ಕಾಯಲು, ದಿನವಿಡೀ ಓಡಲು ಹುಟ್ಟಿದ ತಳಿ ಅದು. ಹನ್ನೊಂದು ಗಂಟೆ ಕಟ್ಟಿಹಾಕಿದ ಪ್ರಾಣಿ ಚಿಲಕ ತೆಗೆದ ಕೂಡಲೇ ಹುಚ್ಚೆದ್ದು ಓಡದೆ ಇನ್ನೇನು ಮಾಡೀತು? ಕಟ್ಟಬೇಕಾದ ಕಡೆ ಬಿಡುತ್ತಾರೆ, ಬಿಡಬೇಕಾದ ಕಡೆ ಕಟ್ಟುತ್ತಾರೆ. ಸಾಕಲು ಹೊತ್ತಿಲ್ಲದವರು ಯಾಕೆ ತಂದರು ಎಂಬ ಪ್ರಶ್ನೆಗೆ ಇವತ್ತಿಗೂ ನನಗೆ ಉತ್ತರ ಸಿಕ್ಕಿಲ್ಲ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಕೊರಳಿಗೊಂದು ಪಟ್ಟಿ, ಕೈಯಲ್ಲೊಂದು ಸರಪಳಿ, ಜೇಬಿನಲ್ಲೊಂದು ಚೀಲ, ಜೊತೆಗೆ ಅರ್ಧ ಗಂಟೆ ನಡೆಯುವ ಒಬ್ಬ ಮನುಷ್ಯ. ಲಸಿಕೆಯ ಪುಸ್ತಕ. ಹೂವಿನವರಿಗೆ ಹೋದ ನಾಲ್ಕು ದಿನದ ದುಡಿಮೆ, ಹಾಳಾದ ಹೂವಿನ ಹಣ. ಅವರ ಮುಂದೆ ನಿಂತು ತಪ್ಪಾಯಿತು ಎಂಬ ಒಂದು ಮಾತು. ಇದರಲ್ಲಿ ಒಂದೂ ಇಲ್ಲಿಯವರೆಗೆ ಬಂದಿಲ್ಲ. ಕಚ್ಚಿದ ಮರುದಿನ ಬೆಳಿಗ್ಗೆ ಆರಕ್ಕೆ ಅದೇ ಚಿಲಕದ ಸದ್ದಾಯಿತು. ಇವತ್ತೂ ಆಯಿತು.

ಹೂವಿನವರು ಈಗ ನಮ್ಮ ರಸ್ತೆಯೊಳಗೆ ಬರುವುದಿಲ್ಲ. ಮುಖ್ಯರಸ್ತೆಯ ಔಷಧಿ ಅಂಗಡಿಯ ಬಳಿ ಬುಟ್ಟಿ ಇಟ್ಟು ಕೂರುತ್ತಾರೆ. ನಾನೇ ಅಲ್ಲಿಗೆ ನಡೆದು ಹೋಗಿ ತರುತ್ತೇನೆ, ಕೈಯಲ್ಲಿ ಅತ್ತೆಯ ಊರುಗೋಲು ಹಿಡಿದುಕೊಂಡು. ಅವರ ಕೊನೆಯ ಚುಚ್ಚುಮದ್ದು ಬರುವ ಗುರುವಾರ. ಅಂದು ಆಸ್ಪತ್ರೆಯ ಚೀಟಿಗಳನ್ನೆಲ್ಲ ಹಿಡಿದು ಇಬ್ಬರೂ ಮತ್ತೆ ಠಾಣೆಗೆ ಹೋಗುತ್ತೇವೆ. ದೂರು ಎರಡು ಪ್ರತಿ ಬರೆದಿಟ್ಟಿದ್ದೇನೆ, ನೋಡಿದವಳು ನಾನು ಎಂದು ನನ್ನ ಹೆಸರು, ವಿಳಾಸ ಹಾಕಿ ಸಹಿ ಮಾಡಿದ್ದೇನೆ. ಒಂದು ಪ್ರತಿಗೆ ಮೊಹರು ಒತ್ತಿ ಸ್ವೀಕೃತಿ ಕೊಡುವವರೆಗೆ ಆ ಬೆಂಚಿನಿಂದ ಏಳುವುದಿಲ್ಲ. ಊಟದ ಡಬ್ಬಿ ಕಟ್ಟಿಕೊಂಡೇ ಹೋಗುತ್ತೇನೆ.