ದುಡ್ಡಿಲ್ಲವೆಂದು ತೋರಿಸಲು ಬೇಕಾಗುವ ದುಡ್ಡು

ಹೊರದೇಶದಲ್ಲಿ ಪಿಎಚ್.ಡಿ. ಮಾಡಲು ಬಡವರಾಗಿರಬೇಕೋ ಶ್ರೀಮಂತರಾಗಿರಬೇಕೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಸ್ಕಾಲರ್‌ಶಿಪ್ ಸಮಿತಿಯ ಮುಂದೆ ನಿಂತಾಗ ಕಿಸೆ ಖಾಲಿ ಇರಬೇಕು. ಕೆಲವು ತಿಂಗಳ ನಂತರ ವೀಸಾ ಕಿಟಕಿಯ ಮುಂದೆ ನಿಂತಾಗ ಅದೇ ಕಿಸೆ ತುಂಬಿರಬೇಕು. ಈ ನಡುವೆ ಏನು ನಡೆಯಬೇಕೆಂದು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ಅದು ಅಭ್ಯರ್ಥಿಯ ಸೃಜನಶೀಲತೆಗೆ ಬಿಟ್ಟ ವಿಷಯ.

ಮೊದಲ ವಸೂಲಿ ಅರ್ಜಿ ಶುಲ್ಕದ್ದು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಒಂದು ಅರ್ಜಿಗೆ ಸಾಮಾನ್ಯವಾಗಿ 75ರಿಂದ 125 ಡಾಲರ್. ಒಂದೆರಡು ಕಡೆ ಹಾಕಿ ಕೂರುವುದು ಜೂಜು, ಎಂಟು ಹತ್ತು ಕಡೆಯಾದರೂ ಹಾಕಿ ಎಂದು ತಿಳಿದವರೆಲ್ಲ ಹೇಳುತ್ತಾರೆ. ಹತ್ತು ಕಡೆ ಹಾಕಿದರೆ ಸಾವಿರ ಡಾಲರ್ ಸುಮಾರು. ಕಟ್ಟಲಾಗದವರಿಗೆ ವಿನಾಯಿತಿ ಇದೆ, ಸುಳ್ಳಲ್ಲ. ಆದರೆ ಹಲವು ಕಡೆ ಅದು ಅಮೆರಿಕದ ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಡಾಲರಿನಲ್ಲೇ ದುಡಿಯುವವರಿಗೆ ಡಾಲರ್ ಮಾಫಿ. ಡಾಲರನ್ನು ಕೊಂಡುಕೊಂಡು ಕಟ್ಟಬೇಕಾದವರಿಗೆ ಪೂರ್ಣ ದರ. ಇದರ ನಡುವೆಯೂ ಕೆಲವು ವಿಭಾಗಗಳು ಹೊರದೇಶದವರಿಗೂ ವಿನಾಯಿತಿ ಕೊಡುತ್ತವೆ, ಸದ್ದಿಲ್ಲದೆ, ಕೇಳಿದವರಿಗೆ ಮಾತ್ರ. ಬಹುಪಾಲು ಗಡುವುಗಳು ಡಿಸೆಂಬರ್ ಮೊದಲ ಹದಿನೈದು ದಿನಗಳಲ್ಲಿ ಬರುವುದರಿಂದ ನವೆಂಬರಿನೊಳಗೆ ಕೇಳಬೇಕು, ಮತ್ತು ಅರ್ಜಿ ಸಲ್ಲಿಸುವ ಮೊದಲೇ ಕೇಳಬೇಕು. ಕಟ್ಟಿದ ಶುಲ್ಕ ಹಿಂದೆ ಬಂದದ್ದನ್ನು ಕಂಡವರಿಲ್ಲ.

ಇನ್ನು ಇಂಗ್ಲಿಷ್. ಈ ಭಾಷೆ ಎರಡು ವರ್ಷಕ್ಕೆ ಹಳಸುತ್ತದೆ ಎಂಬುದು ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್, ಐಇಎಲ್‌ಟಿಎಸ್ ಎರಡೂ ಒಪ್ಪಿಕೊಂಡ ವೈಜ್ಞಾನಿಕ ಸತ್ಯ. ಅಂಕಪಟ್ಟಿಯ ಆಯಸ್ಸು ಪರೀಕ್ಷೆಯ ದಿನದಿಂದ ಎಣಿಕೆ. ಎರಡು ವರ್ಷ ಒಂದು ತಿಂಗಳ ಹಿಂದೆ ಪರೀಕ್ಷೆ ಬರೆದು, ಅಲ್ಲಿಂದಾಚೆ ಇಂಗ್ಲಿಷಿನಲ್ಲೇ ಮೂರು ಸಂಶೋಧನಾ ಲೇಖನ ಪ್ರಕಟಿಸಿದವರಿಗೂ ಇಂಗ್ಲಿಷ್ ಬರುತ್ತದೆಂಬ ಖಾತ್ರಿ ಇಲ್ಲ. ಭಾಷೆ, ಗಣಿತ ಎರಡನ್ನೂ ಅಳೆಯುವ ಪ್ರವೇಶ ಪರೀಕ್ಷೆ ಜಿಆರ್‌ಇ ಮಾತ್ರ ಗಟ್ಟಿ ಸರಕು: ಅದರ ಅಂಕ ಐದು ವರ್ಷ ಕೆಡದೆ ಉಳಿಯುತ್ತದೆ. ಆ ಜಿಆರ್‌ಇಯನ್ನು ಈಗ ಅನೇಕ ವಿಭಾಗಗಳು ಕೇಳುವುದನ್ನೇ ಬಿಟ್ಟಿವೆ. ಇನ್ನು ಕೆಲವು ‘ಐಚ್ಛಿಕ’ ಎಂದು ಬರೆದುಕೊಂಡಿವೆ. ಐಚ್ಛಿಕವೆಂದರೆ ಬರೆಯದಿದ್ದರೂ ನಡೆಯುತ್ತದೆ, ಬರೆದವರನ್ನು ನೋಡಿದಾಗ ನಿಮ್ಮ ನೆನಪಾಗುತ್ತದೆ.

ಶಿಫಾರಸು ಪತ್ರಗಳು ಮೂರು. ಬರೆಯುವವರು ಸಂಸ್ಥೆಯ ಅಧಿಕೃತ ಇಮೇಲ್ ವಿಳಾಸವನ್ನೇ ಬಳಸಬೇಕು ಎನ್ನುತ್ತಾರೆ ಅನೇಕ ಕಡೆ. ನಿವೃತ್ತರಾದ, ಜಗತ್ತೇ ಬಲ್ಲ ಪ್ರಾಧ್ಯಾಪಕರು ಇಲ್ಲಿ ಅನುಮಾನಾಸ್ಪದ ವ್ಯಕ್ತಿಗಳು. ಹತ್ತು ವಿಶ್ವವಿದ್ಯಾಲಯಗಳು ಹತ್ತು ಪೋರ್ಟಲ್‌ಗಳಿಂದ ಅವರಿಗೆ ಹತ್ತು ಕೊಂಡಿ ಕಳಿಸುತ್ತವೆ. ಅವುಗಳಲ್ಲಿ ಮೂರಾದರೂ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ತಪಸ್ಸಿಗೆ ಕೂರುತ್ತವೆ. ತೆರೆದರೆ ಒಂದು ಕೋಷ್ಟಕ: ಈ ವಿದ್ಯಾರ್ಥಿ ನೀವು ಕಂಡವರಲ್ಲಿ ಮೇಲಿನ ಶೇ. 5ರಲ್ಲೋ, ಶೇ. 10ರಲ್ಲೋ? ಪ್ರಾಮಾಣಿಕ ಮೇಷ್ಟ್ರು ‘ಮೇಲಿನ ಶೇ. 25’ ಎಂದು ಗುರುತು ಹಾಕಿ, ಒಳ್ಳೆಯ ಮಾತೇ ಹೇಳಿದೆನೆಂದು ತೃಪ್ತಿಯಿಂದ ಮಲಗುತ್ತಾರೆ. ಆ ಕೋಷ್ಟಕದಲ್ಲಿ ಶೇ. 25 ಎಂದರೆ ನಿರಾಕರಣೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಗೈಡ್‌ಗೆ ಮೊದಲೇ ಬರೆಯಬೇಕೇ ಬೇಡವೇ ಎಂಬುದಕ್ಕೂ ಒಂದು ಉತ್ತರವಿಲ್ಲ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಮಾರ್ಗದರ್ಶಕರು ಒಪ್ಪದಿದ್ದರೆ ಅರ್ಜಿ ಬಹುತೇಕ ಕಡೆ ಮುಂದೆ ಸರಿಯುವುದಿಲ್ಲ. ಅಮೆರಿಕದಲ್ಲಿ ಮೊದಲ ವರ್ಷ ಎರಡು ಮೂರು ಪ್ರಯೋಗಾಲಯ ಸುತ್ತಿಸುವ ವಿಭಾಗಗಳಿಗೆ ಆಯ್ಕೆ ಮಾಡುವುದು ಸಮಿತಿ. ಅಲ್ಲಿ ಪ್ರಾಧ್ಯಾಪಕರಿಗೆ ಬರೆದ ಪತ್ರಕ್ಕೆ ‘ದಯವಿಟ್ಟು ಅರ್ಜಿ ಹಾಕಿ’ ಎಂಬ ಒಂದೇ ಸಾಲು ಬರುತ್ತದೆ. ಅಭ್ಯರ್ಥಿ ಆ ಸಾಲನ್ನು ಮೂರು ದಿನ ವಿಶ್ಲೇಷಿಸುತ್ತಾರೆ. ಅದರಲ್ಲಿ ಏನೂ ಇಲ್ಲ.

ಬ್ರಿಟನ್ನಿನದು ಬೇರೆಯೇ ರಸ. 2021ರಿಂದ ಅಲ್ಲಿನ ಸರ್ಕಾರಿ ಸಂಶೋಧನಾ ನಿಧಿ ಯುಕೆಆರ್‌ಐ ತನ್ನ ಶಿಷ್ಯವೇತನವನ್ನು ಹೊರದೇಶದವರಿಗೂ ತೆರೆಯಿತು, ಆಯಾ ವರ್ಷ ಸೇರಿಸಿಕೊಳ್ಳುವವರಲ್ಲಿ ಶೇ. 30ರ ಮಿತಿಯೊಳಗೆ. ನಿಧಿ ಕೊಡುವುದು ದೇಶೀಯ ದರದ ಶುಲ್ಕ, ವರ್ಷಕ್ಕೆ ಸುಮಾರು 5,000 ಪೌಂಡ್. ಹೊರದೇಶದವರಿಗೆ ಪ್ರಯೋಗಾಲಯ ವಿಷಯಗಳಲ್ಲಿ ಅದೇ ಬೆಂಚು, ಅದೇ ಮೈಕ್ರೋಸ್ಕೋಪಿನ ದರ 25,000 ಪೌಂಡ್ ದಾಟುವುದು ಸಾಮಾನ್ಯ. ಈ ವ್ಯತ್ಯಾಸವನ್ನು ವಿದ್ಯಾರ್ಥಿಯಿಂದ ವಸೂಲು ಮಾಡಬಾರದೆಂಬ ಉದಾರ ನಿಯಮವೂ ಇದೆ. ಹಾಗಾದರೆ ತುಂಬುವವರು ಯಾರು? ವಿಶ್ವವಿದ್ಯಾಲಯ. ತುಂಬಲು ಅದಕ್ಕೆ ಮನಸ್ಸಿಲ್ಲದಿದ್ದರೆ? ಪ್ರಕಟಣೆಯ ಕೊನೆಯ ಸಾಲಿನಲ್ಲಿ, ಸಣ್ಣಕ್ಷರದಲ್ಲಿ, ‘ಈ ಸ್ಥಾನ ದೇಶೀಯ ಶುಲ್ಕಕ್ಕೆ ಅರ್ಹರಾದವರಿಗೆ’. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಆದ್ದರಿಂದ ಬ್ರಿಟನ್ನಿನ ಪ್ರಕಟಣೆಗಳನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಕ್ಷೇಮ; ಸಂಶೋಧನೆಯ ವಿಷಯವನ್ನು ಪ್ರೀತಿಸುವ ಮೊದಲು ಅರ್ಹತೆಯ ಸಾಲು ನೋಡಿಕೊಳ್ಳಬೇಕು.

ಎಲ್ಲ ದಾಟಿ ಬಂದವರನ್ನು ಅಲ್ಲಿ ಆರೋಗ್ಯ ಸರ್ಚಾರ್ಜ್ ಕಾಯುತ್ತಿರುತ್ತದೆ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್, ವೀಸಾ ಇರುವಷ್ಟೂ ಕಾಲದ್ದು ಒಟ್ಟಿಗೆ, ಮುಂಗಡ. ನಾಲ್ಕು ವರ್ಷಕ್ಕೆ 3,104. ಕೊನೆಗೆ ಸೇರಿಸುವ ಹೆಚ್ಚುವರಿ ತಿಂಗಳುಗಳದ್ದು ಬೇರೆ. ಇನ್ನೂ ಬಾರದ ಶಿಷ್ಯವೇತನದಿಂದ ಇನ್ನೂ ಬಾರದ ಜ್ವರಕ್ಕೆ ಇಂದೇ ಪಾವತಿ. ಸ್ವಂತ ಹಣ ತೋರಿಸಬೇಕಾದವರ ಖಾತೆಯಲ್ಲಿ ನಿಗದಿತ ಮೊತ್ತ ಸತತ 28 ದಿನ ಕದಲದೆ ಕೂತಿರಬೇಕು, ಆ 28ನೇ ದಿನ ಅರ್ಜಿಗೆ ಹಿಂದಿನ 31 ದಿನಗಳೊಳಗೆ ಬೀಳಬೇಕು. ಇಪ್ಪತ್ತೇಳು ದಿನ ಇದ್ದು ಒಂದು ದಿನ ಮೊತ್ತ ಒಂದಿಷ್ಟು ಇಳಿದರೂ ಅರ್ಜಿ ಬಿತ್ತು.

ಅಮೆರಿಕದ ವೀಸಾ ತತ್ತ್ವಶಾಸ್ತ್ರದ ಪರೀಕ್ಷೆ. 1952ರ ವಲಸೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ಅಲ್ಲವೆಂದು ಸಾಬೀತುಪಡಿಸುವವರೆಗೂ ನೀವು ಅಲ್ಲೇ ನೆಲೆಸಲು ಹೊರಟವರು. ಡಿಸೆಂಬರಿನಲ್ಲಿ ಬರೆದ ಉದ್ದೇಶ ಪತ್ರದಲ್ಲಿ ‘ಈ ಕ್ಷೇತ್ರಕ್ಕೆ ಬದುಕನ್ನೇ ಮುಡಿಪಿಡುತ್ತೇನೆ, ನಿಮ್ಮಲ್ಲಿರುವ ಉಪಕರಣ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ’ ಎಂದವರು ಜೂನ್ ತಿಂಗಳಲ್ಲಿ, ಕೆಲವೇ ನಿಮಿಷಗಳಲ್ಲಿ, ಆ ಉಪಕರಣವನ್ನು ಬಿಟ್ಟು ಊರಿಗೆ ಮರಳಲು ತುದಿಗಾಲಲ್ಲಿ ನಿಂತಿದ್ದೇನೆಂದು ನಂಬಿಸಬೇಕು. ಇದೇ ಸರ್ಕಾರ ಪದವಿ ಮುಗಿದ ಮೇಲೆ ಒಂದು ವರ್ಷ, ವಿಜ್ಞಾನ-ತಂತ್ರಜ್ಞಾನದವರಿಗೆ ಮೇಲೆ ಇನ್ನೆರಡು ವರ್ಷ, ಅಲ್ಲೇ ಕೆಲಸ ಮಾಡುವ ಅನುಮತಿಯನ್ನೂ ಇಟ್ಟಿದೆ. ಅನುಮತಿ ಇದೆ, ಆಸೆ ಇರಕೂಡದು. ಕಿಟಕಿಗೆ ಹೋಗುವ ಮೊದಲು ಹೊರದೇಶದ ವಿದ್ಯಾರ್ಥಿಗಳ ದಾಖಲೆ ಇಡುವ ಸರ್ಕಾರಿ ವ್ಯವಸ್ಥೆ ಸೆವಿಸ್‌ಗೆ 350 ಡಾಲರ್ ಶುಲ್ಕ, 185 ಡಾಲರ್ ವೀಸಾ ಶುಲ್ಕ. ನಿರಾಕರಿಸಿದರೂ ಹಣ ಹಿಂದಕ್ಕಿಲ್ಲ. ಹನ್ನೆರಡು ತಿಂಗಳೊಳಗೆ ಅದೇ ಬಗೆಯ ವೀಸಾಕ್ಕೆ ಮತ್ತೆ ಹೋದರೆ 350 ಮತ್ತೆ ಕಟ್ಟಬೇಕಿಲ್ಲ, 185 ಮಾತ್ರ. ಇದನ್ನು ರಿಯಾಯಿತಿ ಎಂದುಕೊಳ್ಳಬೇಕು.

ಪೂರ್ಣ ಶಿಷ್ಯವೇತನ ಸಿಕ್ಕವರೂ ಇಲ್ಲಿ ಎಡವುವುದುಂಟು. ಕೆಲವು ಕಡೆ ಸ್ಟೈಪೆಂಡ್ ಒಂಬತ್ತು ತಿಂಗಳದ್ದು, ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ಖರ್ಚಿನ ಲೆಕ್ಕ ಹನ್ನೆರಡು ತಿಂಗಳದ್ದು. ಬೇಸಿಗೆಯ ಮೂರು ತಿಂಗಳು ಸಂಶೋಧಕರು ಬರೀ ಗಾಳಿ ಸೇವಿಸಿ ಬದುಕುವುದಿಲ್ಲವೆಂದು ಬ್ಯಾಂಕ್ ಪತ್ರದ ಮೂಲಕ ದೃಢಪಡಿಸಬೇಕು.

ಜರ್ಮನಿ ಇದಕ್ಕಿಂತ ನೇರ. ಸಂಬಳದ ಒಪ್ಪಂದವೋ ಸಾಕಷ್ಟು ಶಿಷ್ಯವೇತನವೋ ಇಲ್ಲದೆ ಹೋಗುವವರು ಸಾಮಾನ್ಯವಾಗಿ 11,904 ಯೂರೋವನ್ನು ಖಾತೆಯೊಂದರಲ್ಲಿ ಕಟ್ಟಿಹಾಕುತ್ತಾರೆ. ಅವರದೇ ಹಣ ತಿಂಗಳಿಗೆ 992ರಂತೆ ಅವರಿಗೇ ಭಿಕ್ಷೆಯಾಗಿ ಬರುತ್ತದೆ. ಒಪ್ಪಂದ ಸಿಕ್ಕವರಿಗೆ ಅನೇಕ ವಿಷಯಗಳಲ್ಲಿ ಅರ್ಧ ಹುದ್ದೆ, ಇಲ್ಲವೇ ಮೂರನೇ ಎರಡು ಭಾಗದ ಹುದ್ದೆ. ಕೆಲಸದಲ್ಲಿ ಅಂಥ ಕಡಿತ ಮಾಡಿದ್ದು ಎಲ್ಲೂ ಕೇಳಿಬಂದಿಲ್ಲ.

ಇಷ್ಟೆಲ್ಲದಕ್ಕೂ ಗಡಿಯಾರ ಹಿಡಿದವರು ಬೇರೆ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಸಹಿ ಮಾಡಿದ ಒಪ್ಪಂದದಂತೆ ಧನಸಹಾಯದ ಆಹ್ವಾನಕ್ಕೆ ಏಪ್ರಿಲ್ 15ರವರೆಗೆ ಉತ್ತರಿಸಬೇಕಿಲ್ಲ. ಮೂರು ಆಹ್ವಾನ ಹಿಡಿದವರು ಆ ದಿನದ ಸಂಜೆಯವರೆಗೂ ಯೋಚಿಸುತ್ತಾರೆ, ಕಾಯುವ ಪಟ್ಟಿಯವರಿಗೆ ಮರುದಿನ ಕರೆ ಬರುತ್ತದೆ. ಅಲ್ಲಿಂದ ಆಗಸ್ಟಿನೊಳಗೆ ಐ-20, ಶುಲ್ಕ, ಸಂದರ್ಶನದ ದಿನ, ವಿಮಾನ ಎಲ್ಲವೂ ಆಗಬೇಕು. ನಿರ್ಧರಿಸುವವರಿಗೆ ನಾಲ್ಕು ತಿಂಗಳು, ಓಡುವವರಿಗೂ ನಾಲ್ಕು ತಿಂಗಳು. ಸಮಾನತೆ ಕಂಡದ್ದು ಇದೊಂದರಲ್ಲೇ.

ತಲುಪಿದ ಮೇಲೆ ಮನೆ ಹಿಡಿಯಲು ಮುಂಗಡ ಮತ್ತು ಮೊದಲ ತಿಂಗಳ ಬಾಡಿಗೆ ಬೇಕು. ಬಾಡಿಗೆ ಕಟ್ಟಲು ಬ್ಯಾಂಕ್ ಖಾತೆ ಬೇಕು, ಖಾತೆ ತೆರೆಯಲು ವಿಳಾಸ ಬೇಕು. ಸ್ಟೈಪೆಂಡಿನ ಮೊದಲ ಕಂತು ತರಗತಿ ಶುರುವಾಗಿ ತಿಂಗಳಾದ ಮೇಲೆ ಬರುತ್ತದೆ. ಅದು ಸಂಬಳದ ಬದಲು ಫೆಲೋಶಿಪ್ ರೂಪದಲ್ಲಿದ್ದರೆ, ತೆರಿಗೆ ಒಪ್ಪಂದದ ರಕ್ಷಣೆ ಇಲ್ಲದ, ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವವರ ಕೈಗೆ ಬರುವ ಮೊದಲೇ ಶೇ. 14 ತೆರಿಗೆ ಮುರಿದುಕೊಂಡಿರುತ್ತಾರೆ. ವಿಶ್ವವಿದ್ಯಾಲಯದ ಶುಲ್ಕ ಮನ್ನಾ ಆದದ್ದು ಬೋಧನೆಗೆ ಮಾತ್ರವೆಂದೂ, ತಂತ್ರಜ್ಞಾನ, ವ್ಯಾಯಾಮಶಾಲೆ ಮತ್ತು ‘ಅಂತರರಾಷ್ಟ್ರೀಯ ವಿದ್ಯಾರ್ಥಿ ಸೇವೆ’ಯ ಶುಲ್ಕಗಳನ್ನು ಹತ್ತು ದಿನದೊಳಗೆ ಕಟ್ಟದಿದ್ದರೆ ದಂಡ ಬೀಳುವುದೆಂದೂ ತಿಳಿಸುವ ಪತ್ರ ಅದಕ್ಕೂ ಮೊದಲೇ ಬಂದಿರುತ್ತದೆ.