ನಿರ್ದೇಶಕ ಯಾರ ಕಡೆಯವನು?

ಒಂದು ಸಹಕಾರ ಸಂಘದಲ್ಲಿ ನಾನು ಒಂದು ಅವಧಿಗೆ ನಿರ್ದೇಶಕನಾಗಿದ್ದೆ. ಆಡಳಿತ ಮಂಡಳಿಯ ಎರಡನೇ ಸಭೆ ನಡೀತಿತ್ತು. ಸಾಲದ ಅರ್ಜಿಗಳು ಒಂದೊಂದಾಗಿ ಮುಂದೆ ಬರುತ್ತಿದ್ದವು. ನಾಲ್ಕನೆಯದು ನಮ್ಮ ಭಾವನ ಅರ್ಜಿ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಮ್ಮವರ ಅರ್ಜಿ, ನಾನೊಂದು ಮಾತು ಹೇಳಿದರೆ ಕೆಲಸ ಸಲೀಸು ಅಂದುಕೊಂಡೆ. ಅಷ್ಟರಲ್ಲಿ ಕಾರ್ಯದರ್ಶಿ ಪೆನ್ನು ಕೆಳಗಿಟ್ಟು, ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: "ಸರ್, ಈ ಒಂದು ವಿಷಯ ಮುಗಿಯೋವರೆಗೂ ತಾವು ಸ್ವಲ್ಪ ಹೊರಗೆ ಇರ್ತೀರಾ?"

ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟು ಜನ ವೋಟು ಹಾಕಿ ಗೆಲ್ಲಿಸಿದ್ದಾರೆ, ಸಂಬಳಕ್ಕೆ ಇರುವವರು ನನ್ನನ್ನು ಹೊರಗೆ ಹೋಗಿ ಅನ್ನುತ್ತಾರಲ್ಲ ಅಂತ ಒಳಗೊಳಗೇ ಕುದ್ದೆ. ಆದರೂ ಎದ್ದು ಹೋಗಿ ಬಾಗಿಲಾಚೆ ಬೆಂಚಿನ ಮೇಲೆ ಕೂತೆ. ಏಳೆಂಟು ನಿಮಿಷ ಕಳೆದಿರಬೇಕು. ಮತ್ತೆ ಒಳಗೆ ಕರೆಯುವ ಹೊತ್ತಿಗೆ ಕಾರ್ಯದರ್ಶಿ ನಡಾವಳಿ ಪುಸ್ತಕದಲ್ಲಿ ಬರೆದು ಮುಗಿಸಿದ್ದರು. ನನ್ನ ಹೆಸರು, ಅರ್ಜಿದಾರರು ನನಗೆ ಏನಾಗಬೇಕು ಅನ್ನೋದು, ನಾನು ಚರ್ಚೆಯಲ್ಲೂ ತೀರ್ಮಾನದಲ್ಲೂ ಇರಲಿಲ್ಲ ಅನ್ನೋದು. ಎರಡೇ ಸಾಲು. ಅದರ ಕೆಳಗೆ ತೀರ್ಮಾನ: ಎರಡನೇ ಜಾಮೀನುದಾರರ ಸಹಿ ಇಲ್ಲದ ಕಾರಣ ಅರ್ಜಿ ವಾಪಸ್.

ಸಹಕಾರ ಸಂಘದ ಕಾನೂನು ಅಂದರೆ ನನಗೆ ಇವತ್ತಿಗೂ ಮೊದಲು ನೆನಪಾಗೋದು ಆ ಎರಡು ಸಾಲು.

ಭಾವ ಮಾತ್ರ ಒಪ್ಪಲಿಲ್ಲ. "ನೀನು ಒಳಗಿದ್ದೂ ನಮಗೇನು ಬಂತು?" ಅಂದರು. ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಅವರು ಕೇಳಿದ ಪ್ರಶ್ನೆ ಅವರೊಬ್ಬರದೇ ಏನಲ್ಲ. ಸಂಘದ ಚುನಾವಣೆ ಬಂದಾಗಲೆಲ್ಲ ನಾವೆಲ್ಲ ಮನಸ್ಸಿನಲ್ಲಿ ಇದೇ ಲೆಕ್ಕ ಹಾಕುತ್ತೇವೆ. ನಮ್ಮವರು ಒಬ್ಬರು ಒಳಗಿರಲಿ, ನಾಳೆ ನಮ್ಮ ಕೆಲಸಕ್ಕೆ ಆಗುತ್ತಾರೆ ಅಂತ. ಗೆದ್ದವರೂ ಹಾಗೇ ನಂಬುತ್ತಾರೆ. ವೋಟು ಹಾಕಿದವರ ಋಣ ತೀರಿಸಬೇಕು ಅಂತ.

ಕಾನೂನು ಹೇಳೋದೇ ಬೇರೆ. ವೋಟು ಹಾಕುವ ತನಕ ನೀವು ಯಾರ ಕಡೆ ಬೇಕಾದರೂ ಇರಿ. ಗೆದ್ದು ಕುರ್ಚಿಯಲ್ಲಿ ಕೂತ ಮೇಲೆ ನಿರ್ದೇಶಕ ಇರಬೇಕಾದ್ದು ಸಂಘದ ಕಡೆ ಮಾತ್ರ. ತನಗೆ ವೋಟು ಹಾಕಿದವರು, ಹಾಕದವರು, ಇನ್ನೂ ಸದಸ್ಯರೇ ಆಗದೆ ಮುಂದೆ ಬರಲಿರುವವರು, ಎಲ್ಲರ ಹಿತ ಸೇರಿದ ಆ ಸಂಸ್ಥೆಯ ಕಡೆ. ಈ ಒಂದು ಮಾತು ಹಿಡಿದುಕೊಂಡರೆ ಬೈಲಾದ, ಅಂದರೆ ಸಂಘದ ಒಳ ನಿಯಮಾವಳಿಯ, ಅರ್ಧ ಕಲಮುಗಳು ತಾನಾಗೇ ಅರ್ಥವಾಗುತ್ತವೆ.

ಯಾಕೆ ಹೀಗೆ ಅಂತ ಕೇಳಿದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಅನ್ನುವ ಊರಲ್ಲಿ 28 ಜನ, ಅದರಲ್ಲಿ ನೇಯ್ಗೆಯವರೂ ಬೇರೆ ಕಸುಬಿನವರೂ ಇದ್ದರು, ತಲಾ ಒಂದು ಪೌಂಡು ಕೂಡಿಸೋಕೆ ಪರದಾಡಿ ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್, ಮೇಣದ ಬತ್ತಿ, ಅಷ್ಟೇ ಸರಕು. ಆ ಅಂಗಡಿ ಇವತ್ತಿಗೂ ನೆನಪಿನಲ್ಲಿರೋದು ಅವರು ಹಾಕಿಕೊಂಡ ನಿಯಮಗಳಿಂದ. ಒಬ್ಬ ಸದಸ್ಯನಿಗೆ ಒಂದೇ ವೋಟು. ಹಾಕಿದ ದುಡ್ಡಿಗೆ ಮಿತಿಯ ಬಡ್ಡಿ. ಉಳಿದ ಲಾಭ ಯಾರು ಎಷ್ಟು ಖರೀದಿ ಮಾಡಿದರೋ ಅದರ ಲೆಕ್ಕದಲ್ಲಿ ವಾಪಸ್. ಆಗ ಸಹಕಾರ ಸಂಘಕ್ಕೇ ಅಂತ ಒಂದು ಕಾನೂನೂ ಇರಲಿಲ್ಲ. ಪರಸ್ಪರ ನೆರವಿನ ಸಂಘಗಳ ಕಾನೂನಿನಡಿ ನೋಂದಾಯಿಸಿಕೊಂಡರು. ಬ್ರಿಟನ್ನಿನಲ್ಲಿ ಸಹಕಾರ ಸಂಘಗಳಿಗೆ ಒಪ್ಪುವ ಮೊದಲ ಕಾನೂನು ಬಂದಿದ್ದು 1852ರಲ್ಲಿ. ಸಂಘ ಮುಳುಗಿದರೆ ಸದಸ್ಯನ ಹೊಣೆ ಅವನ ಷೇರಿನಷ್ಟಕ್ಕೆ ಮಾತ್ರ ಅನ್ನುವ ರಕ್ಷಣೆ ಸಿಕ್ಕಿದ್ದು 1862ರಲ್ಲಿ. ಜನ ಮೊದಲು ನಡೆದರು, ಕಾನೂನು ಹಿಂದಿನಿಂದ ಬಂತು.

ಆ ನಿಯಮಗಳನ್ನೇ ತಿದ್ದಿ ತೀಡಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ 1995ರಲ್ಲಿ ಏಳು ತತ್ವಗಳಾಗಿ ಹೇಳಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2002ರ ತನ್ನ 193ನೇ ಶಿಫಾರಸಿನಲ್ಲಿ ಅವನ್ನು ಹಾಗೇ ತೆಗೆದುಕೊಂಡಿತು. ಅದಕ್ಕೇ ದೇಶ ಬೇರೆಯಾದರೂ ಸಹಕಾರ ಕಾನೂನುಗಳ ಮುಖ ಒಂದನ್ನೊಂದು ಹೋಲುತ್ತದೆ.

ಒಬ್ಬರಿಗೆ ಒಂದು ವೋಟು ಅನ್ನೋದರ ತೂಕ ನೋಡಿ. ಕಂಪನಿಯಲ್ಲಿ ದುಡ್ಡು ವೋಟು ಹಾಕುತ್ತದೆ, ಸಂಘದಲ್ಲಿ ಮನುಷ್ಯ ಹಾಕುತ್ತಾನೆ. ಸಾವಿರ ಷೇರು ಇಟ್ಟುಕೊಂಡವನೂ ಒಂದು ಷೇರಿನವಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇದನ್ನು ಸಡಿಲ ಮಾಡಿದ ದೇಶಗಳೂ ಇವೆ. ಜರ್ಮನಿಯಲ್ಲಿ ಸಂಘದ ವ್ಯವಹಾರಕ್ಕೆ ವಿಶೇಷವಾಗಿ ನೆರವಾಗುವ ಸದಸ್ಯರಿಗೆ ಬೈಲಾ ಮೂಲಕ ಮೂರು ವೋಟಿನವರೆಗೆ ಕೊಡಬಹುದು. ಆದರೆ ಒಬ್ಬ ಪ್ರತಿನಿಧಿ ಇಬ್ಬರಿಗಿಂತ ಜಾಸ್ತಿ ಸದಸ್ಯರ ಪರವಾಗಿ ವೋಟು ಹಾಕುವ ಹಾಗಿಲ್ಲ ಅಂತಲೂ ಅದೇ ಕಾನೂನು ಹೇಳುತ್ತದೆ. ಈ ಎರಡನೇ ನಿಯಮ ನನಗೆ ತುಂಬಾ ಇಷ್ಟ. ಮನೆಮನೆಗೆ ಹೋಗಿ ಸಹಿ ಮಾಡಿಸಿಕೊಂಡು, ಕಟ್ಟುಗಟ್ಟಲೆ ಕಾಗದ ತಂದು ಸಭೆ ಗೆಲ್ಲುವ ದಾರಿಯನ್ನೇ ಅದು ಮುಚ್ಚಿಬಿಡುತ್ತದೆ.

ಇನ್ನು ದುಡ್ಡಿನ ವಿಷಯ. ಇಲ್ಲೇ ಜಾಸ್ತಿ ಜನ ಎಡವೋದು. ಸಂಘದ ಷೇರು ಸಾಮಾನ್ಯವಾಗಿ ಮೇಲೇರುವುದಿಲ್ಲ. ನೂರು ಹಾಕಿದರೆ, ಇಪ್ಪತ್ತು ವರ್ಷದ ಮೇಲೆ ಬಿಟ್ಟು ಹೋಗುವಾಗ ನೂರೇ ಬರುತ್ತದೆ, ಅದೂ ಸಂಘ ನಷ್ಟದಲ್ಲಿ ಇಲ್ಲದಿದ್ದರೆ. ಹಾಗಾದರೆ ಇಪ್ಪತ್ತು ವರ್ಷ ಕೂಡಿಟ್ಟ ಲಾಭ ಎಲ್ಲಿ? ಒಂದಿಷ್ಟು ಲಾಭಾಂಶವಾಗಿ, ವ್ಯವಹಾರದ ಲೆಕ್ಕದ ಬೋನಸ್ಸಾಗಿ ಸದಸ್ಯರಿಗೆ ಬಂದಿರುತ್ತದೆ. ಉಳಿದದ್ದು ಮೀಸಲು ನಿಧಿ. ಆ ನಿಧಿ ಯಾರದು ಅಂತ ಕೇಳಿದರೆ ಉತ್ತರ ವಿಚಿತ್ರವಾಗಿದೆ. ಎಲ್ಲರದೂ ಹೌದು, ಆದರೆ ಯಾರೊಬ್ಬರೂ ನನ್ನ ಪಾಲು ಕೊಡಿ ಅನ್ನುವ ಹಾಗಿಲ್ಲ.

ಇಟಲಿಯವರು ಇದನ್ನು ತುಂಬಾ ಗಟ್ಟಿಯಾಗಿ ಹಿಡಿದಿದ್ದಾರೆ. ಅವರ ಸಂವಿಧಾನದ 45ನೇ ವಿಧಿಯಲ್ಲೇ ಸಹಕಾರದ ಮಾತಿದೆ, ಖಾಸಗಿ ಲಾಭಕೋರತನ ಇಲ್ಲದ ಪರಸ್ಪರ ನೆರವಿನ ಸಹಕಾರಕ್ಕೆ ಮಾನ್ಯತೆ ಅಂತ. 1992ರ ಕಾನೂನಿನ ಪ್ರಕಾರ ಪ್ರತಿ ಸಹಕಾರ ಸಂಸ್ಥೆ ವರ್ಷದ ಲಾಭದಲ್ಲಿ ಶೇ. 3ರಷ್ಟನ್ನು ಹೊಸ ಸಹಕಾರ ಸಂಸ್ಥೆಗಳನ್ನು ಬೆಳೆಸುವ ನಿಧಿಗೆ ಕೊಡಬೇಕು. ಪರಸ್ಪರ ನೆರವಿನ ಸಂಸ್ಥೆ ಮುಚ್ಚಿಹೋದರೆ ಷೇರಿನ ದುಡ್ಡು ಹಿಂತಿರುಗಿಸಿ ಉಳಿದ ಆಸ್ತಿಯೂ ಅದೇ ನಿಧಿಗೆ ಹೋಗುತ್ತದೆ. ಅಜ್ಜಂದಿರು ಉಳಿಸಿಟ್ಟಿದ್ದನ್ನು ಕೊನೆಗೆ ಉಳಿದ ಹತ್ತು ಜನ ಸದಸ್ಯರು ಹಂಚಿಕೊಂಡು ಹೋಗುವ ಹಾಗಿಲ್ಲ. ನನ್ನ ಪ್ರಕಾರ ಸಹಕಾರ ಕಾನೂನಿನಲ್ಲಿ ಇದಕ್ಕಿಂತ ಒಳ್ಳೆಯ ಕಲಮು ಇಲ್ಲ. ಎಲ್ಲ ಕಡೆ ಹೀಗೇ ಇರಬೇಕಿತ್ತು.

ಈಗ ನಿರ್ದೇಶಕನ ಜಾಗ ಎಂಥದು ಅಂತ ಗೊತ್ತಾಗುತ್ತದೆ. ಯಾರೂ ನನ್ನದು ಅನ್ನಲಾಗದ ದೊಡ್ಡ ಗಂಟು ಒಂದಿದೆ. ಅದರ ಬೀಗದ ಕೈ ಇವನ ಹತ್ತಿರ ಇದೆ. ಕಂಪನಿಯಲ್ಲಾದರೆ ದೊಡ್ಡ ಷೇರುದಾರ ತನ್ನ ಸ್ವಂತ ದುಡ್ಡಿನ ಭಯಕ್ಕಾದರೂ ಒಂದು ಕಣ್ಣು ಇಟ್ಟಿರುತ್ತಾನೆ. ಇಲ್ಲಿ ಪ್ರತಿಯೊಬ್ಬರ ಷೇರೂ ಚಿಕ್ಕದು, ಹಾಗಾಗಿ ಪ್ರತಿಯೊಬ್ಬರ ಕಾಳಜಿಯೂ ಚಿಕ್ಕದು. ಬೇಲಿಯೇ ಹೊಲ ಮೇಯೋಕೆ ಶುರು ಮಾಡಿದರೆ ಗೊತ್ತಾಗುವ ಹೊತ್ತಿಗೆ ಪೈರು ಉಳಿದಿರುವುದಿಲ್ಲ.

ಅದಕ್ಕೇ ಕಾನೂನು ನಿರ್ದೇಶಕನ ಮೇಲೆ ಎರಡು ಹೊಣೆ ಹೊರಿಸುತ್ತದೆ. ಒಂದು ನಿಷ್ಠೆ. ತನಗೆ, ತನ್ನ ಹೆಂಡತಿ ಮಕ್ಕಳಿಗೆ, ತನ್ನ ಅಂಗಡಿಗೆ ಲಾಭ ಇರುವ ವಿಷಯ ಬಂದರೆ ಮೊದಲೇ ಹೇಳಬೇಕು, ವೋಟು ಹಾಕಬಾರದು. ನನ್ನನ್ನು ಬೆಂಚಿನ ಮೇಲೆ ಕೂರಿಸಿದ್ದು ಇದೇ. ಇದರಲ್ಲಿ ನನಗೆ ಅವಮಾನ ಮಾಡುವಂಥದ್ದು ಏನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಅದು ನನ್ನ ರಕ್ಷಣೆ. ನಾಳೆ ಯಾರಾದರೂ ಬೆರಳು ತೋರಿಸಿದರೆ ಆ ಎರಡು ಸಾಲೇ ನನ್ನ ಪರವಾಗಿ ಮಾತಾಡುತ್ತವೆ.

ಎರಡನೆಯದು ಎಚ್ಚರ. ಮುಂದಿಟ್ಟ ಕಾಗದ ಓದಿ, ಅರ್ಥವಾಗದಿದ್ದರೆ ಕೇಳಿ, ಆಮೇಲೆ ಸಹಿ ಮಾಡೋದು. "ನಾನೇನು ಸಂಬಳ ತಗೋತೀನಾ, ಗೌರವ ಹುದ್ದೆ ತಾನೆ" ಅನ್ನುವ ಮಾತು ತುಂಬಾ ಕೇಳಿದ್ದೇನೆ. ಸಂಬಳವಿಲ್ಲ ಅಂದ ಮಾತ್ರಕ್ಕೆ ಹೊಣೆ ಇಲ್ಲ ಅಂತ ಆಗುವುದಿಲ್ಲ. ಜರ್ಮನಿಯ ಕಾನೂನು ಇದನ್ನು ನ್ಯಾಯವಾಗಿ ತೂಗಿದೆ. ಬಹುಪಾಲು ಉಚಿತವಾಗಿ ಕೆಲಸ ಮಾಡುವ ಆಡಳಿತಗಾರನ ಎಚ್ಚರವನ್ನು ಅಳೆಯುವಾಗ ಆ ಮಾತನ್ನು ಅವನ ಪರವಾಗಿ ಗಣಿಸಬೇಕು ಅಂತ 2017ರಲ್ಲಿ ಸೇರಿಸಿದರು. ಆದರೆ ತಾನು ಎಚ್ಚರದಿಂದ ನಡೆದುಕೊಂಡೆ ಅಂತ ತೋರಿಸುವ ಭಾರ ಅವನ ಮೇಲೇ ಇದೆ. ತಪ್ಪು ತೀರ್ಮಾನಕ್ಕೂ ಬೇಜವಾಬ್ದಾರಿಗೂ ಇರುವ ವ್ಯತ್ಯಾಸ ಇಲ್ಲೇ. ವಿಚಾರಿಸಿ, ಒಳ್ಳೆಯ ಮನಸ್ಸಿನಿಂದ ತೆಗೆದುಕೊಂಡ ತೀರ್ಮಾನ ಕೈಕೊಟ್ಟರೆ ಕಾನೂನು ಸಾಮಾನ್ಯವಾಗಿ ಶಿಕ್ಷಿಸುವುದಿಲ್ಲ. ಓದದೆ ಸಹಿ ಹಾಕಿದ್ದಕ್ಕೆ ಮಾತ್ರ ಕ್ಷಮೆ ಇಲ್ಲ.

ಇಲ್ಲಿ ಒಂದು ಮಾತು ಹೊಸ ನಿರ್ದೇಶಕರಿಗೆ. ನಿಮಗೆ ಒಪ್ಪಿಗೆ ಇಲ್ಲದ ಠರಾವು ಪಾಸಾದರೆ ಸುಮ್ನೆ ಮುಖ ಸಿಂಡರಿಸಿಕೊಂಡು ಎದ್ದು ಬರಬೇಡಿ. ನಿಮ್ಮ ವಿರೋಧ ನಡಾವಳಿಯಲ್ಲಿ ದಾಖಲಾಗಲಿ, ಹೆಸರು ಸಮೇತ. ನಷ್ಟದ ಹೊಣೆ ಮಂಡಳಿಯ ಎಲ್ಲರ ಮೇಲೂ ಒಟ್ಟಾಗಿ ಬೀಳುವ ದಿನ ಬಂದರೆ, ಸಭೆಯ ಹೊರಗೆ ಟೀ ಕುಡೀತಾ ಆಡಿದ ವಿರೋಧದ ಮಾತಿಗೆ ಬೆಲೆ ಇರುವುದಿಲ್ಲ. ಅವತ್ತು ತೆರೆದು ನೋಡುವುದು ನಡಾವಳಿ ಪುಸ್ತಕವನ್ನೇ.

ನಿಷ್ಠೆ ಇದ್ದು ಎಚ್ಚರ ಸಾಲದಿದ್ದರೆ ಏನಾಗುತ್ತದೆ ಅನ್ನೋಕೆ ಬ್ರಿಟನ್ನಿನದೇ ಉದಾಹರಣೆ ಇದೆ. ರಾಚ್‌ಡೇಲಿನ ಪರಂಪರೆಯಿಂದಲೇ ಬೆಳೆದ ಅಲ್ಲಿನ ದೊಡ್ಡ ಸಂಸ್ಥೆ ಕೋ-ಆಪರೇಟಿವ್ ಗ್ರೂಪ್. ಅದರ ಬ್ಯಾಂಕಿನಲ್ಲಿ 2013ರಲ್ಲಿ 150 ಕೋಟಿ ಪೌಂಡುಗಳ ಬಂಡವಾಳದ ಕೊರತೆ ಹೊರಬಿತ್ತು. ಆಡಳಿತ ಹೇಗಿತ್ತು ಅಂತ ಪರಿಶೀಲಿಸಿದ ಪಾಲ್ ಮೈನರ್ಸ್ ಅವರ 2014ರ ವರದಿ ಮುಲಾಜಿಲ್ಲದೆ ಹೇಳಿತು: ಮಂಡಳಿಯಲ್ಲಿದ್ದವರು ಚುನಾಯಿತರೇನೋ ಹೌದು, ಆದರೆ ಅಷ್ಟು ದೊಡ್ಡ ವ್ಯವಹಾರವನ್ನು ಪ್ರಶ್ನಿಸಿ ನಡೆಸುವ ತಿಳಿವಳಿಕೆ ಅಲ್ಲಿ ಸಾಲದು ಅಂತ. ಅದೇ ವರ್ಷ ಸದಸ್ಯರು ಸೇರಿ ನಿಯಮ ಬದಲಾಯಿಸಿದರು. ಚಿಕ್ಕ ಮಂಡಳಿ, ಅದರಲ್ಲಿ ಹೊರಗಿನ ಪರಿಣತರು, ಅವರ ಮೇಲೆ ಕಣ್ಣಿಡಲು ನೂರು ಸದಸ್ಯರ ಪರಿಷತ್ತು.

ಕೆಲವರು ಇದನ್ನು ತೋರಿಸಿ, ನೋಡಿ ಸಾಮಾನ್ಯ ಜನರ ಕೈಗೆ ಬ್ಯಾಂಕು ಕೊಟ್ಟರೆ ಹೀಗೇ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಾಮಾನ್ಯ ಜನ ಕಲಿಯಬಲ್ಲರು. ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ ಮತ್ತು ತರಬೇತಿ, ಅದೂ ಚುನಾಯಿತ ಪ್ರತಿನಿಧಿಗಳಿಗೆ ಅಂತ ಹೆಸರು ಹೇಳಿಯೇ ಬರೆದಿದ್ದಾರೆ. ಗೆದ್ದ ದಿನ ಹಾರ ಹಾಕುತ್ತೇವೆ, ಜಮಾ ಖರ್ಚು ಓದೋದು ಯಾರೂ ಕಲಿಸುವುದಿಲ್ಲ. ನನಗೂ ಯಾರೂ ಕಲಿಸಲಿಲ್ಲ. ಆ ಕಾರ್ಯದರ್ಶಿ ಸಂಜೆ ಹೊತ್ತು ಕೂರಿಸಿಕೊಂಡು, ಇದು ಸುಸ್ತಿ ಸಾಲದ, ಅಂದರೆ ಗಡುವು ಮೀರಿಯೂ ಕಟ್ಟದ ಸಾಲದ ಪಟ್ಟಿ, ಇದರಲ್ಲಿ ಮೂರು ವರ್ಷದಿಂದ ಅದೇ ಹೆಸರುಗಳಿದ್ದರೆ ಯಾಕೆ ಅಂತ ಕೇಳಬೇಕು ಅಂತ ತೋರಿಸಿಕೊಟ್ಟರು. ಆ ಋಣ ದೊಡ್ಡದು.

ಸದಸ್ಯರ ಕಡೆಗೂ ಬರೋಣ. ಸದಸ್ಯ ಅಂದರೆ ಮಾಲೀಕನೂ ಹೌದು, ಗಿರಾಕಿಯೂ ಹೌದು. ಗಿರಾಕಿಯ ಜಗಳ ಮಾಡೋದು ನಮಗೆ ಚೆನ್ನಾಗಿ ಗೊತ್ತು, ಮಾಲೀಕನ ಕೆಲಸ ಮರೆತಿದ್ದೇವೆ. ಮಹಾಸಭೆಯ ನೋಟಿಸು ಬಂದಾಗ ಅದರ ಜೊತೆಗಿರುವ ಲೆಕ್ಕದ ಪುಟ ತೆರೆದು ನೋಡುವವರು ಎಷ್ಟು ಜನ? ಮಂಡಳಿಯನ್ನು ಆರಿಸುವುದು, ತೆಗೆಯುವುದು, ಲಾಭ ಹಂಚುವುದು, ಬೈಲಾ ತಿದ್ದುವುದು, ಎಲ್ಲ ಆ ಸಭೆಯ ಕೈಯಲ್ಲೇ ಇದೆ. ಬೈಲಾ ತಿದ್ದುಪಡಿಗೆ ಸಾಮಾನ್ಯ ಬಹುಮತ ಸಾಲದು ಅಂತಲೂ ಬಹಳ ಕಡೆ ನಿಯಮ ಇದೆ. ಯಾಕೆಂದರೆ ಅದು ಸದಸ್ಯರು ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದ, ಗದ್ದಲದ ನಡುವೆ ಕೈ ಎತ್ತಿಸಿ ಬದಲಾಯಿಸುವಂಥದ್ದಲ್ಲ.

ಪ್ರಶ್ನೆ ಕೇಳುವ ಸದಸ್ಯನನ್ನು ಹೊರಗೆ ಹಾಕೋದೂ ಸುಲಭವಾಗಿರಬಾರದು. ತೆಗೆಯುವುದಕ್ಕೆ ಬೈಲಾದಲ್ಲಿ ಕಾರಣ ಬರೆದಿರಬೇಕು, ನೋಟಿಸು ಕೊಡಬೇಕು, ಅವನ ಮಾತು ಕೇಳಬೇಕು, ಮೇಲ್ಮನವಿಗೆ ದಾರಿ ಇರಬೇಕು. ಇಷ್ಟಿಲ್ಲದೆ ಹೊರಹಾಕಿದರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಲೆಕ್ಕ ತಪಾಸಣೆಯ ಬಗ್ಗೆ ಜರ್ಮನಿಯವರ ಪದ್ಧತಿ ನನಗೆ ಹಿಡಿಸಿದೆ. ಅಲ್ಲಿ ಸಹಕಾರ ಸಂಘ ಒಂದು ತಪಾಸಣಾ ಒಕ್ಕೂಟಕ್ಕೆ ಸೇರಲೇಬೇಕು. ಕನಿಷ್ಠ ಎರಡು ವರ್ಷಕ್ಕೊಮ್ಮೆ, ದೊಡ್ಡ ಸಂಘವಾದರೆ ಪ್ರತಿ ವರ್ಷ ತಪಾಸಣೆ. ಬರೀ ರಸೀದಿ ಹೊಂದಿಸಿ ನೋಡುವುದಿಲ್ಲ, ಆಡಳಿತ ಸರಿಯಾಗಿ ನಡೆದಿದೆಯಾ ಅಂತಲೂ ನೋಡುತ್ತಾರೆ. ಕಾಯುವ ಕೆಲಸವನ್ನು ಸಂಘಗಳೇ ಕಟ್ಟಿಕೊಂಡ ಒಕ್ಕೂಟ ಮಾಡುತ್ತದೆ. ಎಲ್ಲದಕ್ಕೂ ಸರ್ಕಾರ ಬಂದು ಮಂಡಳಿಯನ್ನು ಕಿತ್ತು ಅಧಿಕಾರಿಯನ್ನು ಕೂರಿಸೋದಕ್ಕಿಂತ ಇದು ಎಷ್ಟೋ ಮೇಲು. ಸ್ವಾಯತ್ತತೆ ಅನ್ನೋದು ನಾಲ್ಕನೇ ತತ್ವ. ಕಳ್ಳತನ ಆಗಿದ್ದರೆ ವಿಚಾರಣೆ ಆಗಲಿ, ವಸೂಲಿ ಆಗಲಿ. ಆದರೆ ಬೀಗದ ಕೈ ಆದಷ್ಟು ಬೇಗ ಸದಸ್ಯರ ಕೈಗೇ ವಾಪಸ್ ಬರಬೇಕು.

ನಮ್ಮ ಭಾವ ಎರಡನೇ ಜಾಮೀನುದಾರರನ್ನು ಹುಡುಕಿ ಮತ್ತೆ ಅರ್ಜಿ ಹಾಕಿದರು. ಅದು ಸಭೆಗೆ ಬಂದ ದಿನ ಕಾರ್ಯದರ್ಶಿ ಏನೂ ಹೇಳಬೇಕಾಗಲಿಲ್ಲ. ಅಧ್ಯಕ್ಷರು ವಿಷಯ ಓದುತ್ತಿದ್ದ ಹಾಗೇ ನಾನು ಎದ್ದು, ಇವರು ನನ್ನ ಅಕ್ಕನ ಗಂಡ ಅಂತ ಹೇಳಿ, ಬಾಗಿಲು ಎಳೆದುಕೊಂಡು ಹೋಗಿ ಅದೇ ಬೆಂಚಿನ ಮೇಲೆ ಕೂತೆ.